ಹೆಂಗಸರ ಕಡೆಯ ಚಪ್ಪಲಿಗಳು

ನಮ್ಮ ಸಭೆಯಲ್ಲಿ ಗಂಡಸರು ಎಡಕ್ಕೆ, ಹೆಂಗಸರು ಬಲಕ್ಕೆ. ಬಾಗಿಲ ಹೊರಗೆ ಬಿಟ್ಟ ಚಪ್ಪಲಿಗಳಿಗೂ ಅದೇ ನಿಯಮ. ಗೋಕಾಕದ ಈ ಸಣ್ಣ ಚರ್ಚನ್ನು ಕಟ್ಟಿದ ಹಿರಿಯರು ಹಾಗೆ ಮಾಡಿಟ್ಟರು, ನಾವು ಏನೂ ಕೇಳದೆ ನಡೆಸಿಕೊಂಡು ಬಂದೆವು. ಆರಾಧನೆ ಮುಗಿದರೆ ಗಂಡಂದಿರು ಬೇವಿನ ಗಿಡದ ಕೆಳಗೆ ಗಾಡಿ ಚಾಲೂ ಮಾಡಿಕೊಂಡು ನಿಲ್ಲುತ್ತಾರೆ. ಹೆಂಡಂದಿರು ರಾಶಿಯಲ್ಲಿ ತಮ್ಮ ಚಪ್ಪಲಿ ತಾವು ಹುಡುಕಿಕೊಂಡು ಹೋಗಿ ಗಾಡಿಯ ಹಿಂದಿನ ಸೀಟಿನಲ್ಲಿ ಕೂಡುತ್ತಾರೆ. ಇದನ್ನು ಮುರಿದವನು ನನ್ನ ತಮ್ಮ ಒಬ್ಬನೇ. ಮದುವೆಯಾದ ಮೊದಲ ಭಾನುವಾರವೇ ಹೆಂಗಸರ ಕಡೆಗೆ ಹೋಗಿ, ಬಗ್ಗಿ, ಹೆಂಡತಿಯ ನೀಲಿ ಪಟ್ಟಿಯ ಚಪ್ಪಲಿ ಹುಡುಕಿ ಮೆಟ್ಟಿಲ ಮುಂದೆ ಜೋಡಿಸಿಟ್ಟ.

ಗಿಡದ ಕೆಳಗಿನವರು ಬಿಟ್ಟಾರೆಯೇ?

"ನಾಳೆ ಆಕಿ ಸೀರಿನೂ ಒಗಿತಿ ಏನೋ ತಮ್ಮಾ?"

"ನಿನ್ನೆನ ಒಗದೇನ್ರಿ. ಒಣಗಿನೂ ಒಣಗ್ಯಾವು," ಎಂದ ಇವನು. ನಕ್ಕವರು ಇವನ ಜೊತೆಗೇ ನಗಬೇಕಾಯಿತು.

ಕೊಣ್ಣೂರ ರಸ್ತೆಯಲ್ಲಿ ಅವನದೊಂದು ವೆಲ್ಡಿಂಗ್ ಅಂಗಡಿ. ಕಬ್ಬಿನ ಟ್ರೇಲರುಗಳ ಮುರಿದ ಕಬ್ಬಿಣ ಕೂಡಿಸುವ ಕೆಲಸ. ಅಪ್ಪ ಬೇಗ ತೀರಿಕೊಂಡಿದ್ದರಿಂದ ಗಂಡಸಾಗುವುದು ಹೇಗೆ ಎಂಬುದನ್ನು ಅವನಿಗೆ ಕಲಿಸಿದ್ದು ಚರ್ಚಿನ ಯೌವನಸ್ಥರ ಕೂಟ. ಕಲಿಸುತ್ತಿದ್ದ ಹಿರಿಯರು ಒಳ್ಳೆಯವರು. ಮನಸ್ಸಿನಲ್ಲಿ ಬಯಕೆ ಹುಟ್ಟಿದ ಕೂಡಲೇ, ಎಲ್ಲಿದ್ದರೂ ಸರಿ, ಮೊಳಕಾಲೂರಿ ಪ್ರಾರ್ಥನೆ ಮಾಡಬೇಕು ಎಂದು ಹೇಳಿಕೊಟ್ಟಿದ್ದರು. ಉಳಿದ ಹುಡುಗರು ಕೇಳಿ ಮರೆತರು. ಇವನು ಮರೆಯಲಿಲ್ಲ. ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ, ಸಿನಿಮಾ ಪೋಸ್ಟರಿನ ಎದುರಿಗೆ, ಸಂತೆಯ ಮಂದಿಯ ನಡುವೆ ಇವನು ಮೊಳಕಾಲೂರಿದ್ದನ್ನು ನಾನೇ ಕಂಡೆ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ, ಅವ್ವ ಹೆಮ್ಮೆಪಟ್ಟಳು. ಮಗಳಿದ್ದ ಮನೆಯವರೆಲ್ಲ ಅಳಿಯನಾದರೆ ಇಂಥವನಾಗಬೇಕು ಎಂದರು.

ಬೇಡ ಎಂದು ಕಲಿಸಿದವರು ಬಹಳ ಮಂದಿ. ಮದುವೆಯಾಯಿತು, ಇನ್ನು ಅದೇ ಬಯಕೆ ದೇವರು ಕೊಟ್ಟದ್ದು ಎಂದು ಕೂತು ಹೇಳುವವರು ಯಾರೂ ಇರಲಿಲ್ಲ. ಅದು ತಾನಾಗಿಯೇ ತಿಳಿಯುತ್ತದೆ ಎಂದುಕೊಂಡೆವು.

ಅವನ ಹೆಂಡತಿ ಹುಕ್ಕೇರಿಯವಳು, ಹೊಲಿಗೆ ಬಲ್ಲವಳು. ಮದುವೆಯಾಗಿ ಕೆಲವು ತಿಂಗಳ ಮೇಲೆ ಒಂದು ಮಧ್ಯಾಹ್ನ ನಾನೂ ಅವಳೂ ಜೋಳ ಹಸನು ಮಾಡುತ್ತ ಕೂತಿದ್ದೆವು. ಮೊರದ ಮೇಲಿನ ಕಣ್ಣು ಎತ್ತದೆ ಹೇಳಿದಳು.

"ಅಕ್ಕಾರ, ನಿಮ್ಮ ತಮ್ಮ ಬಂಗಾರದಂಥಾವ್ರು. ಜ್ವರ ಬಂದ್ರ ಕಾಲ ಒತ್ತತಾರ. ಆದ್ರ ರಾತ್ರಿ ನಾ ಕೈ ಹಿಡದ್ರ ಎದ್ದ ಮೊಳಕಾಲೂರಿ ಪ್ರಾರ್ಥನಿ ಮಾಡಾಕ ಕೂಡತಾರ."

ಹೇಳಿ ನಕ್ಕಳು. ನಗು ನಿಲ್ಲಲಿಲ್ಲ. ಸ್ವಲ್ಪ ಹೊತ್ತಿಗೆ ಅದು ನಗುವಾಗಿ ಉಳಿಯಲಿಲ್ಲ.

ಗೋಕಾಕದಲ್ಲಾದರೆ ಎಲ್ಲರೂ ಗುರುತಿನವರು. ಅದಕ್ಕೇ ಮೂಡಲಗಿಯಲ್ಲಿದ್ದ ಒಬ್ಬ ಡಾಕ್ಟರಮ್ಮನ ಹತ್ತಿರ ಇಬ್ಬರನ್ನೂ ಕಳಿಸಿದೆ. ದೇಹದಲ್ಲಿ ಏನೂ ಕೊರತೆ ಇಲ್ಲ, ಇದು ಹಳೆಯ ಹೆದರಿಕೆ, ಅವಸರ ಬೇಡ, ಇಬ್ಬರೂ ಮಾತಾಡಿಕೊಳ್ಳಿ, ನಡುವೆ ಮತ್ತೊಬ್ಬರನ್ನು ತರಬೇಡಿ ಎಂದು ಆಕೆ ಹೇಳಿದರಂತೆ. ಬಳಿಕ ಸಂಜೆ ಅವರು ಹೊಳೆಯ ಕಡೆ ತಿರುಗಾಡಲು ಹೋಗತೊಡಗಿದರು. ಅಂಗಡಿಯಲ್ಲಿ ಇವನು ಗುನುಗುವುದು ಕೇಳಿಸಿತು. ನಾನೇನೂ ಕೇಳಲಿಲ್ಲ. ಅವಳ ಮುಖವೇ ಸಾಕಿತ್ತು.

ಆ ಸಂತೋಷವೇ ಅವನನ್ನು ಕೆಡಿಸಿತು. ಸಂತೋಷವಾದರೂ ದುಃಖವಾದರೂ ಪ್ರಾರ್ಥನೆಗೆ ಹೇಳಿಕೊಳ್ಳಬೇಕು ಎಂದು ಬೆಳೆದವನು. ಚಿಕ್ಕಂದಿನಲ್ಲಿ ಕಲಿಸಿದ ಆ ಹಿರಿಯರ ಹತ್ತಿರವೇ ಗುಟ್ಟಾಗಿ ಹೋಗಿ, ಹೀಗೊಂದು ತೊಂದರೆ ಇತ್ತು, ಈಗ ಆರಾಮ ಆಗುತ್ತಿದೆ, ನಮಗಾಗಿ ಪ್ರಾರ್ಥಿಸಿ ಎಂದ. ನಮ್ಮಲ್ಲಿ ಒಬ್ಬರಿಗೆ ಹೇಳಿದ ಭಾರ ಎಲ್ಲರ ಭಾರ. ಅದನ್ನು ಚಾಡಿ ಎಂದು ಯಾರೂ ತಿಳಿಯುವುದಿಲ್ಲ. ನನ್ನ ಕೈ ಮುರಿದಾಗ ಇಡೀ ಸಭೆ ಹೆಸರು ಹಿಡಿದು ಪ್ರಾರ್ಥಿಸಿತ್ತು, ಮನೆ ಮನೆಯಿಂದ ಬುತ್ತಿ ಬಂದಿತ್ತು. ಅದೇ ಪ್ರೀತಿಯಿಂದಲೇ ಮುಂದಿನ ಭಾನುವಾರ ಹಿರಿಯರು ತಮ್ಮನನ್ನು ಮುಂದಕ್ಕೆ ಕರೆದರು. ಗಂಡಸರು ಸುತ್ತ ನಿಂತು ಅವನ ತಲೆ, ಭುಜಗಳ ಮೇಲೆ ಕೈಯಿಟ್ಟರು. ಹಿರಿಯರ ಕಣ್ಣಲ್ಲಿ ಖರೆಯಾಗಿಯೂ ನೀರಿತ್ತು.

"ಕರ್ತನೇ, ಈ ನಿನ್ನ ಮಗನಿಗೆ ಗಂಡಸುತನ ಕೊಡು. ಹೆಂಡತಿಗೆ ಗಂಡನಾಗುವ ಶಕ್ತಿ ಕೊಡು."

ಎಡಗಡೆಯಿಂದಲೂ ಬಲಗಡೆಯಿಂದಲೂ ಆಮೆನ್ ಎದ್ದಿತು. ನನ್ನ ಪಕ್ಕದಲ್ಲಿದ್ದ ಅವಳು ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಅಷ್ಟು ಕೈಗಳ ಕೆಳಗೆ ನನ್ನ ತಮ್ಮ, ಅವರೇ ಕಲಿಸಿದಂತೆ, ಮೊಳಕಾಲೂರಿದ್ದ.

ಆ ದಿನ ನೀಲಿ ಚಪ್ಪಲಿ ರಾಶಿಯಲ್ಲೇ ಉಳಿಯಿತು, ಅವಳೇ ಹುಡುಕಿ ಮೆಟ್ಟಿಕೊಂಡಳು. ಅವನು ಬಾಜೂ ಬಾಗಿಲಿನಿಂದ ಹೊರಟು ಅಂಗಡಿಗೆ ಹೋದ, ಅಂದಿನಿಂದ ಅಲ್ಲೇ ಮಲಗತೊಡಗಿದ. ಮನೆಗೆ ಹೆಂಗಸರು ಒಬ್ಬೊಬ್ಬರಾಗಿ ಸಮಾಧಾನ ಹೇಳಲು ಬಂದರು. ಒಬ್ಬಾಕೆ ಯಾವುದೋ ಬೇರಿನ ಪುಡಿ ತಂದಿದ್ದಳು. ಸುದ್ದಿ ಹುಕ್ಕೇರಿ ಮುಟ್ಟಿ ಅವಳ ಅಪ್ಪ ಬಂದರು. ಮೆತ್ತಗಿನ ಮನುಷ್ಯ, ಕೇಳಲು ಬಂದವರೇ ಹೊರತು ಮಗಳನ್ನು ಒಯ್ಯಲು ಬಂದವರಲ್ಲ. ಮಾತು ತೆಗೆದವನು ತಮ್ಮನೇ.

"ಮಾವಾರ, ಆಕಿನ್ನ ಕರಕೊಂಡ ಹೋಗ್ರಿ. ನನ್ನ ಸಲುವಾಗಿ ಆಕಿ ಬಾಳೇ ಹಾಳಾಗೂದ ಬ್ಯಾಡ."

"ನನ್ನ ಒಂದ ಮಾತ ಕೇಳಲಿಲ್ಲಲಾ ನೀವು," ಎಂದಳು ಅವಳು, ಅಡುಗೆಮನೆಯ ಬಾಗಿಲಲ್ಲಿ ನಿಂತು.

ಅವನು ತಲೆ ಎತ್ತಲಿಲ್ಲ. ಹೆಣ್ಣಿನ ಎದುರು ನೆಲ ನೋಡಬೇಕು ಎಂದು ಕೂಟದಲ್ಲಿ ಕಲಿತಿದ್ದ ಹುಡುಗನೇ ಮತ್ತೆ ಅಲ್ಲಿ ನಿಂತಿದ್ದ.

ಬಸ್‌ಸ್ಟ್ಯಾಂಡಿನ ತನಕ ನಾನೇ ಹೋದೆ. ಅವಳ ಅಪ್ಪ ಹೊಲಿಗೆ ಯಂತ್ರ ಏರಿಸುತ್ತಿದ್ದಾಗ ಅವಳು ನನ್ನನ್ನು ಪಕ್ಕಕ್ಕೆ ಕರೆದಳು.

"ಆ ಪ್ರಾರ್ಥನಿ ಮಾಡಿದ ಐತವಾರದ ಹಿಂದಿನ ವಾರ ಅವರು ಒಂದ ರಾತ್ರಿನೂ ಮೊಳಕಾಲೂರಲಿಲ್ರಿ ಅಕ್ಕಾರ. ನನ್ನ ಕೈ ಹಿಡಕೊಂಡ ಮಲಗಿದ್ರು."

ಬಸ್ಸು ಹೊರಟಿತು. ಎಂಥ ತ್ಯಾಗ, ಎಂಥ ದೊಡ್ಡ ಮನಸ್ಸು ಎಂದು ಸಭೆ ತಮ್ಮನನ್ನು ಹೊಗಳಿತು. ಯೌವನಸ್ಥರ ಕೂಟದಲ್ಲಿ ಅವನ ಉದಾಹರಣೆ ಕೊಟ್ಟರಂತೆ. ಈ ವರ್ಷ ಎರಡೂ ಕಡೆಯ ಹಿರಿಯರು ಕೂತು ಮದುವೆ ಬಿಡಿಸುವ ಸೋಡಚೀಟಿಯ ಮಾತನ್ನೂ ಮುಗಿಸಿದರು. ಅವಳಿಗೆ ಬೇರೆ ಕಡೆ ಗಂಡು ಹುಡುಕುತ್ತಿದ್ದಾರೆ.

ಮೊನ್ನೆ ಆರಾಧನೆ ಮುಗಿಸಿ ಹೊರಬಂದರೆ ತಮ್ಮ ಹೆಂಗಸರ ಚಪ್ಪಲಿಗಳ ಹತ್ತಿರ ನಿಂತಿದ್ದ. ಗಿಡದ ಕೆಳಗಿನವರು ಈಗ ಏನೂ ಅನ್ನುವುದಿಲ್ಲ. ಅವರು ಮೊದಲಿನಂತೆ ಚೇಷ್ಟೆ ಮಾಡಿದ್ದರೇ ಚೆಂದವಿತ್ತು. ಒಂದೊಂದೇ ಜೋಡಿ ಖಾಲಿಯಾಗಿ ಕೊನೆಗೆ ನನ್ನವು ಉಳಿದವು. ಅವನು ಬಗ್ಗಿ ಅವನ್ನು ನನ್ನ ಮುಂದೆ ಜೋಡಿಸಿಟ್ಟ.

"ನಡಿ, ಮನಿಗಿ ಹೋಗೂಣು," ಎಂದೆ.

"ಆಕಿ ಚಪ್ಪಲಿ ಪಟ್ಟಿ ಸಡಲಾಗಿತ್ತ ಅಕ್ಕಾ," ಎಂದ ಅವನು. "ಹೊಲಿಸಬೇಕಂತ ಮಾಡಿದ್ನಿ."