ಸಮುದ್ರಕ್ಕೆ ಬಿದ್ದರೆ ಔಟ್

ಕಳೆದ ಭಾನುವಾರ ಪರ್ಕಳದ ಒಂದು ಮದುವೆ ಹಾಲಿನಲ್ಲಿ ಊಟಕ್ಕೆ ಕುಳಿತಿದ್ದೆ. ಎಲೆಗೆ ಕೋಸಂಬರಿ ಬಂದಾಗಿತ್ತು, ಪಲ್ಯ ಬಂದಾಗಿತ್ತು, ಸಾರಿಗೆಂದು ಅನ್ನದಲ್ಲಿ ಗುಂಡಿ ಮಾಡಿಟ್ಟುಕೊಂಡಿದ್ದೆ. ಆಗ ಮಲ್ಲಿಗೆ, ಇಂಗು, ಹೊಸ ಸೀರೆ ಎಲ್ಲದರ ಅಡಿಯಿಂದ ತೆಳುವಾಗಿ ಇನ್ನೊಂದು ವಾಸನೆ ಮೂಗಿಗೆ ಬಂತು. ಮೀನಿನ ಬಲೆಯ ವಾಸನೆ. ಪಕ್ಕದ ಹೆಂಗಸನ್ನು ಓರೆಗಣ್ಣಿನಿಂದ ನೋಡಿದೆ. ಅವರು ನಿಶ್ಚಿಂತೆಯಿಂದ ಹಪ್ಪಳ ಮುರಿಯುತ್ತಿದ್ದರು. ಅದು ಶುದ್ಧ ಸಸ್ಯಾಹಾರಿ ಮದುವೆ ಹಾಲು. ಅಲ್ಲಿ ನಿಜವಾಗಿ ವಾಸನೆ ಇತ್ತೋ, ನನ್ನ ಮೂಗಿನ ಕಿತಾಪತಿಯೋ ಗೊತ್ತಿಲ್ಲ. ಆದರೆ ಎರಡು ವರ್ಷದ ಹಿಂದೆ ಆ ಹಾಲಿಗೆ ಮೀನಿನ ಬಲೆ ತರಿಸಿ ಕಟ್ಟಿಸಿದವಳು ನಾನೇ.

ಬೈಯುವ ಮೊದಲು ಸ್ವಲ್ಪ ಕೇಳಿ. ನಾನು ಹುಟ್ಟಿ ಬೆಳೆದದ್ದು ಕಾಪುವಿನ ಕಡಲ ಬದಿಯಲ್ಲಿ. ಅಪ್ಪನಿಗೆ ದೋಣಿಯಲ್ಲಿ ಪಾಲಿತ್ತು. ಈಗ ಮಣಿಪಾಲದ ಒಂದು ಕಾಲೇಜಿನ ಲೈಬ್ರರಿಯಲ್ಲಿದ್ದೇನೆ. ಇಪ್ಪತ್ತು ವರ್ಷಗಳಿಂದ ಪರರ ಬಾಯಿ ಮುಚ್ಚಿಸುವುದೇ ನನ್ನ ಉದ್ಯೋಗ. ಈ ಗುಣ ಮೊದಲಿನಿಂದಲೂ ಇತ್ತು. ಚಿಕ್ಕವಳಿದ್ದಾಗ ನನಗೆ ಓಡಲು ಬರುತ್ತಿರಲಿಲ್ಲ, ಬ್ಯಾಟ್ ಹಿಡಿದರೆ ಸೌಟು ಹಿಡಿದ ಹಾಗೆ ಕಾಣುತ್ತಿತ್ತು. ಆದರೆ ಬಾಲು ನನ್ನದು. ಬಾಲು ಯಾರದೋ ಅವರೇ ಅಂಪಾಯರ್ ಎಂಬುದು ನಮ್ಮ ಕಡಲ ಬದಿಯ ಕ್ರಿಕೆಟ್ಟಿನ ಸಂವಿಧಾನ. ಹಾಗಾಗಿ ಪಿಯುಸಿ ಮುಗಿಯುವವರೆಗೂ ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡು, ಮರಳಿನಲ್ಲಿ ನಿಂತು, ತೀರ್ಪು ಕೊಟ್ಟೆ. ಈಗಲೂ ಮನೆಯಲ್ಲಿ ಯಾರಾದರೂ ಜಗಳವಾಡಿದರೆ ನನ್ನ ಕೈಗಳು ತಾವಾಗಿ ಬೆನ್ನ ಹಿಂದಕ್ಕೆ ಹೋಗುತ್ತವೆ ಎಂದು ಗಂಡ ತಮಾಷೆ ಮಾಡುತ್ತಾರೆ.

ನಾನು ಮಾಡಿದ ಕಾನೂನುಗಳಲ್ಲಿ ಬಹಳ ಕಟ್ಟುನಿಟ್ಟಿನದು ಒಂದಿತ್ತು. ಬಾಲನ್ನು ಎತ್ತಿ ಸಮುದ್ರಕ್ಕೆ ಹೊಡೆದರೆ ಔಟ್, ನೀರಿಗಿಳಿದು ತರಬೇಕಾದವರೂ ಅವರೇ. ಬ್ಯಾಟ್ ಹಿಡಿದವರು ನಿಲ್ಲುತ್ತಿದ್ದದ್ದು ಸಮುದ್ರಕ್ಕೆ ಮುಖ ಮಾಡಿ. ಕ್ರಿಕೆಟ್ ಬಲ್ಲವರು ಆ ಕಡೆಯನ್ನು ಆಫ್ ಸೈಡ್ ಎನ್ನುತ್ತಾರೆ. ನಮ್ಮ ಪಾಲಿಗೆ ಅದು ಅಪಾಯದ ಕಡೆ. ಅಲ್ಲಿಗೆ ಬಾಲನ್ನು ನೆಲದ ಮೇಲೆ ತಳ್ಳಬಹುದು, ಎತ್ತುವ ಹಾಗಿಲ್ಲ. ಎತ್ತಿ ಹೊಡೆಯುವ ಆಸೆಯಿದ್ದರೆ ಬೆನ್ನ ಹಿಂದಿನ ತೆಂಗಿನ ಮರಗಳ ಕಡೆಗೆ ಹೊಡೆಯಬೇಕು.

ನಮ್ಮಿಂದ ಮೂರನೆಯ ಮನೆ ಸಫೀಯಳದು. ಅವಳ ತಂದೆಗೆ ಕಾಪು ಪೇಟೆಯಲ್ಲಿ ಜಿನಸಿನ ಅಂಗಡಿಯಿತ್ತು. ನನಗಿಂತ ಏಳು ವರ್ಷ ಚಿಕ್ಕವಳು, ಅಣ್ಣಂದಿರ ಹಿಂದೆ ಬಂದು ಆಟಕ್ಕೆ ಸೇರಿಕೊಂಡವಳು, ಎಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದವಳು. ಐದನೆಯ ಕ್ಲಾಸಿನಲ್ಲಿದ್ದಾಗ ಒಮ್ಮೆ ಅವಳು ಹೊಡೆದ ಬಾಲು ಅಲೆಗಳನ್ನು ದಾಟಿ ಹೋಗಿ ಬಿದ್ದು ಮತ್ತೆ ಸಿಗಲಿಲ್ಲ. ನಾನು ಅವಳನ್ನು ಒಂದು ವಾರ ಆಟದಿಂದ ಹೊರಗಿಟ್ಟೆ. ವಾರವಿಡೀ ದೋಣಿಯ ನೆರಳಿನಲ್ಲಿ ಕುಳಿತು ಆಟ ನೋಡಿದಳು. ಆಮೇಲೆ ಆ ತಪ್ಪನ್ನು ಅವಳು ಎಂದೂ ಮಾಡಲಿಲ್ಲ. ಹುಡುಗಿ ಶಿಸ್ತು ಕಲಿತಳು ಎಂದು ನನಗೆ ಹೆಮ್ಮೆಯೋ ಹೆಮ್ಮೆ.

ಸಫೀಯ ಮದುವೆಯಾಗಿ ಗಲ್ಫಿನ ಒಂದು ಪುಟ್ಟ ದೇಶಕ್ಕೆ ಹೋದಳು, ಅಲ್ಲೊಂದು ಶಾಲೆಯಲ್ಲಿ ಟೀಚರಾದಳು. ದೇಶದ ಹೆಸರು ಹೇಳುವುದಿಲ್ಲ. ಅಲ್ಲಿ ಹೆಂಗಸರ ಕ್ರಿಕೆಟ್ ತಂಡ ಇರುವುದು ಒಂದೇ, ಹೆಸರು ಹೇಳಿದರೆ ಅವಳು ಸಿಕ್ಕಿಬೀಳುತ್ತಾಳೆ. ಹೌದು, ಆ ದೇಶದ ತಂಡಕ್ಕೆ ಅವಳು ಆಡುತ್ತಾಳೆ. ಕೆಲವು ವರ್ಷ ಅಲ್ಲಿ ನೆಲೆಸಿದವರು ಆಡಬಹುದಂತೆ. ತಂಡದಲ್ಲಿ ನರ್ಸುಗಳು, ಅಕೌಂಟೆಂಟುಗಳು, ಎರಡು ಮಕ್ಕಳ ತಾಯಂದಿರು. ವಿಶ್ವಕಪ್ ಎಂದರೆ ಟಿವಿಯಲ್ಲಿ ಕಾಣುವ ಹತ್ತು ಹನ್ನೆರಡು ದೇಶಗಳ ಆಟ ಎಂದೇ ನಾನು ತಿಳಿದಿದ್ದೆ. ಅದಕ್ಕೊಂದು ಹಿಂಬಾಗಿಲಿದೆ, ಬಾಗಿಲ ಮುಂದೆ ಉದ್ದದ ಸಾಲಿದೆ, ಆ ಸಾಲಿನಲ್ಲಿ ನಿಲ್ಲುವುದಕ್ಕೇ ಏಷ್ಯಾದ ಸಣ್ಣ ದೇಶಗಳೆಲ್ಲ ಸೇರಿ ಅರ್ಹತಾ ಪಂದ್ಯಾವಳಿ ಆಡಬೇಕು ಎಂದು ತಿಳಿದದ್ದು ಸಫೀಯಳಿಂದ. ಅದರಲ್ಲಿ ಗೆದ್ದವರು ಮುಂದಿನ ಸುತ್ತಿಗೆ. ಸೋತವರಿಗೆ ಸೋಮವಾರ ಬೆಳಿಗ್ಗೆ ಆಸ್ಪತ್ರೆ, ಆಫೀಸು, ಶಾಲೆ.

ಎರಡು ವರ್ಷದ ಹಿಂದೆ ಆಟಿ ತಿಂಗಳಿಗೆ, ಎಂದರೆ ಆಷಾಢದ ಮಳೆಗಾಲಕ್ಕೆ ಸರಿಯಾಗಿ, ಶಾಲೆಯ ರಜೆಯಲ್ಲಿ ಊರಿಗೆ ಬಂದವಳು ನೇರ ನನ್ನ ಮನೆಗೆ ಬಂದಳು. ಜೋರು ಮಳೆ. ಕೊಡೆ ಮಡಚುವ ಮೊದಲೇ ಮಾತು ಸುರು. ನಾವಿಬ್ಬರು ಮಾತಾಡುವುದು ತುಳುವಿನಲ್ಲಿ. ನಿಮಗೋಸ್ಕರ ಕನ್ನಡ ಮಾಡಿದ್ದೇನೆ.

"ಅಕ್ಕ, ನಾನು ಆಫ್ ಸೈಡಿಗೆ ಎತ್ತಿ ಹೊಡೆಯುವುದಿಲ್ಲ ಅಂತ ಎಲ್ಲ ಟೀಮಿಗೂ ಗೊತ್ತಾಗಿದೆ. ದೂರದ ಫೀಲ್ಡರುಗಳನ್ನೆಲ್ಲ ಈಚೆ, ನನ್ನ ಬೆನ್ನ ಕಡೆ ನಿಲ್ಲಿಸಿ ಬಾಲು ಆಚೆ, ಆಫ್ ಸೈಡಿಗೆ ಹಾಕ್ತಾರೆ. ಕೋಚ್ ಹೇಳಿದ್ದಾರೆ, ರಜೆ ಮುಗಿಯುವುದರೊಳಗೆ ಕಲಿತು ಬಾ, ಇಲ್ಲದಿದ್ದರೆ ಹನ್ನೊಂದರಲ್ಲಿ ನೀನಿಲ್ಲ ಅಂತ."

"ಹೊಡೆದರಾಯ್ತಲ್ಲ, ಅದಕ್ಕೆಂತ ಕಷ್ಟ?" ಎಂದೆ.

ಅವಳು ನನ್ನನ್ನೇ ನೋಡಿದಳು. "ಬ್ಯಾಟ್ ಎತ್ತುವಾಗ ಕೈ ನಿಲ್ತದೆ. ಯಾಕೆ ಅಂತ ನಿನಗೆ ಗೊತ್ತಿಲ್ವಾ?"

ಗೊತ್ತಿತ್ತು. ಚಹಾ ಇಡುವ ನೆಪದಲ್ಲಿ ಅಡುಗೆಮನೆಗೆ ಹೋಗಿ, ಸಕ್ಕರೆ ಡಬ್ಬಿಯ ಮುಂದೆ ಸುಮ್ಮನೆ ನಿಂತೆ. ಮೂವತ್ತೈದು ವರ್ಷದ ಹೆಂಗಸು, ಒಂದು ದೇಶದ ಜೆರ್ಸಿ ತೊಟ್ಟವಳು, ಹಿಂದೊಮ್ಮೆ ನಾನು ಬಾಲು ಉಳಿಸಲು ಮಾಡಿದ ಕಾನೂನಿಗೆ ಇನ್ನೂ ಹೆದರುತ್ತಿದ್ದಳು. ನನಗೆ ನಾಚಿಕೆಯಾಯಿತು. ಆಮೇಲೆ ಸಿಟ್ಟು ಬಂತು, ನನ್ನ ಮೇಲೆ. ಸಿಟ್ಟು ಬಂದರೆ ನಾನು ಕೆಲಸ ಮಾಡುತ್ತೇನೆ.

ಆಟಿಯಲ್ಲಿ ಕ್ರಿಕೆಟ್ ಆಡಲು ಮೈದಾನ ಎಲ್ಲಿ? ಕಾಪುವಿನಲ್ಲಿ ಅಲೆ ತೆಂಗಿನ ಬುಡಕ್ಕೆ ಬಂದಿರುತ್ತದೆ, ಉಡುಪಿಯ ಮೈದಾನಗಳಲ್ಲಿ ಕಪ್ಪೆ ಕೂಗುತ್ತಿರುತ್ತದೆ. ಆದರೆ ನಮ್ಮೂರಿನಲ್ಲಿ ಆಟಿಗೆ ಮದುವೆ ಇಲ್ಲ. ಮದುವೆ ಇಲ್ಲದ ಮೇಲೆ ಹಾಲುಗಳೆಲ್ಲ ಖಾಲಿ. ಪರ್ಕಳದ ಆ ಮದುವೆ ಹಾಲಿನ ಮ್ಯಾನೇಜರ್ ಉಪಾಧ್ಯರು ನನಗೆ ಪರಿಚಯದವರು, ನಮ್ಮ ಲೈಬ್ರರಿಯಿಂದ ಪತ್ತೇದಾರಿ ಕಾದಂಬರಿ ಒಯ್ಯುವವರು. ಕೇಳಿದೆ. ಅವರು ಬಹಳ ಹೊತ್ತು ಗಡ್ಡ ಕೆರೆದು, "ಗಾಜು ಒಡೆಯಬಾರದು, ಅಷ್ಟೇ" ಎಂದರು. ಗಾಜು ಒಡೆಯಬಾರದೆಂದರೆ ಬಲೆ ಬೇಕು. ಆಟಿಯಲ್ಲಿ ದೋಣಿಗಳಿಗೂ ರಜೆ. ಉಚ್ಚಿಲದಲ್ಲಿರುವ ನನ್ನ ತಮ್ಮನಿಗೆ ಫೋನು ಮಾಡಿದೆ. ಅವನು ಮಳೆಯಲ್ಲಿ ನಾಲ್ಕು ದಿನ ತೊಳೆದಿದ್ದೇನೆ ಎಂದು ಆಣೆ ಹಾಕಿ, ಬಲೆಯನ್ನು ಟೆಂಪೋದಲ್ಲಿ ತುಂಬಿ ಕಳಿಸಿದ.

ಬಲೆ ಒಳಗೆ ಬರುತ್ತಿದ್ದಂತೆ ಉಪಾಧ್ಯರು ಮೂಗಿಗೆ ಶಾಲು ಹಿಡಿದರು. "ಎಂತ ಮಾರಾಯ್ರೆ ಇದು! ಇಲ್ಲಿ ನಾವು ಸಾಂಬಾರಿಗೆ ನೀರುಳ್ಳಿ ಹಾಕುವವರಲ್ಲ."

ಅವರನ್ನು ಒಪ್ಪಿಸಿದವರು ಜಿನರಾಜ ಮಾಸ್ಟ್ರು. ಕಾರ್ಕಳದ ನಿವೃತ್ತ ಪಿ.ಇ. ಮಾಸ್ಟ್ರು, ಸಫೀಯಳಿಗೆ ಹೈಸ್ಕೂಲಿನಲ್ಲಿ ಕಲಿಸಿದವರು. ಅವಳ ಒಂದು ಫೋನಿಗೆ ಬಸ್ಸು ಹತ್ತಿ ಬಂದಿದ್ದರು. "ನಾನು ಜೈನ, ನನಗೇ ತೊಂದರೆ ಇಲ್ಲ, ನಿಮಗೆಂತ ತೊಂದರೆ? ಬಲೆಯಲ್ಲಿ ಮೀನು ಉಂಟಾ? ಇಲ್ಲ ಅಲ್ವಾ?" ಎಂದು ಕೇಳಿದರು. ಉಪಾಧ್ಯರು ಒಳಗೆ ಹೋದರು. ಎರಡು ಕಟ್ಟು ಊದುಬತ್ತಿ ತಂದು ನಾಲ್ಕೂ ಮೂಲೆಗೆ ಹಚ್ಚಿದರು.

ಹೀಗೆ ನಮ್ಮ ಅಭ್ಯಾಸ ಸುರುವಾಯಿತು. ಲೈಬ್ರರಿ ಮುಗಿಸಿ ನಾನು ನಾಲ್ಕೂವರೆಗೆ ತಲುಪುತ್ತಿದ್ದೆ. ಸೂರ್ಯ ಮುಳುಗುವ ಮೊದಲು ಊಟ ಮುಗಿಸುವ ವ್ರತ ಮಾಸ್ಟ್ರದು, ಆದ್ದರಿಂದ ಆರಕ್ಕೆ ಸರಿಯಾಗಿ ಆಟ ಬಂದ್. ಬುತ್ತಿ ಬಿಚ್ಚಿ ವೇದಿಕೆಯ ಮೆಟ್ಟಿಲ ಮೇಲೆ ಕೂತು ಉಣ್ಣುತ್ತಿದ್ದರು. ಅಷ್ಟರೊಳಗೆ ನೂರಿಪ್ಪತ್ತು ಬಾಲು ಎಸೆಯುತ್ತಿದ್ದರು, ಎಲ್ಲವೂ ಆಫ್ ಸ್ಟಂಪಿನಿಂದ ಒಂದು ಗೇಣು ಆಚೆ. ಸಫೀಯ ತಳ್ಳುತ್ತಿದ್ದಳು, ಬಿಡುತ್ತಿದ್ದಳು, ಎಳೆದು ಹಿಂದಕ್ಕೆ ಹೊಡೆಯುತ್ತಿದ್ದಳು. ಎತ್ತುತ್ತಿರಲಿಲ್ಲ. ಹತ್ತು ದಿನ ಕಳೆಯಿತು. ಅವಳ ಅಂಗೈಯ ಬೊಕ್ಕೆ ಒಡೆದು ಗ್ಲೌಸು ಕೆಂಪಾಯಿತು. "ಇನ್ನೊಂದು ಹಾಕಿ ಸರ್" ಎನ್ನುವುದನ್ನು ಮಾತ್ರ ಅವಳು ನಿಲ್ಲಿಸಲಿಲ್ಲ.

ಹನ್ನೊಂದನೆಯ ದಿನ ಮಾಸ್ಟ್ರು ಬಾಲನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ನೀವು ಎಲ್ಲಿ ನಿಂತಿದ್ದೀರಿ?"

ನೋಡಿಕೊಂಡೆ. ಅವರ ಪಕ್ಕದಲ್ಲಿ, ಅಂಪಾಯರ್ ನಿಲ್ಲುವ ಜಾಗದಲ್ಲಿ, ಕೈಗಳನ್ನು ಬೆನ್ನಿಗೆ ಕಟ್ಟಿ ನಿಂತಿದ್ದೆ. ಹತ್ತು ದಿನವೂ ಅಲ್ಲೇ ನಿಂತಿದ್ದೆನಂತೆ, ನನಗೆ ಗೊತ್ತೇ ಇಲ್ಲ.

"ಅವಳು ಬಾಲು ನೋಡುವುದಿಲ್ಲ ಮಾರಾಯ್ರೆ, ನಿಮ್ಮನ್ನು ನೋಡ್ತಾಳೆ" ಎಂದರು ಮಾಸ್ಟ್ರು. "ಒಂದಾ ಮನೆಗೆ ಹೋಗಿ. ಇಲ್ಲದಿದ್ದರೆ ಬಾಲು ಹಿಡಿಯಿರಿ."

ಮನೆಗೆ ಹೋಗುವ ಜಾತಿ ನಾನಲ್ಲ. ಗಂಡನ ಸ್ಕೂಟರಿನ ಹೆಲ್ಮೆಟ್ ತಲೆಗೆ ಹಾಕಿಕೊಂಡು ಬಾಲು ಹಿಡಿದೆ. ನನ್ನ ಮೊದಲ ಬಾಲು ಊಟದ ಹಾಲಿನ ಬಾಗಿಲಿಗೆ ಹೋಯಿತು, ಎರಡನೆಯದು ಉಪಾಧ್ಯರ ಕಾಲಿಗೆ. ಸಫೀಯ ಬ್ಯಾಟಿನ ಮೇಲೆ ಬಿದ್ದು ನಗುತ್ತಿದ್ದಳು. ಅಷ್ಟು ದಿನಗಳಲ್ಲಿ ಅವಳು ನಕ್ಕದ್ದು ಅದೇ ಮೊದಲು. ಮೂವತ್ತನೆಯದೋ ನಲವತ್ತನೆಯದೋ ಒಂದು ಬಾಲು ದೇವರ ದಯೆಯಿಂದ ಆಫ್ ಸ್ಟಂಪಿನ ಆಚೆ, ಸರಿಯಾದ ಜಾಗಕ್ಕೆ ಬಿತ್ತು. ಅವಳ ಎಡಗಾಲು ಮುಂದೆ ಬಂತು, ಬ್ಯಾಟು ಪೂರ್ತಿ ತಿರುಗಿತು. ಬಾಲು ಬಲೆಯ ಮೇಲಂಚನ್ನು ದಾಟಿ ವೇದಿಕೆಯ ಮೇಲಿದ್ದ 'ಶುಭ ವಿವಾಹ' ಎಂಬ ಥರ್ಮೋಕೋಲಿನ ಬೋರ್ಡಿಗೆ ಬಡಿಯಿತು. ಶುಭ ಉಳಿಯಿತು, ವಿವಾಹ ಉದುರಿತು.

ನಿಮ್ಮಲ್ಲಿ ಮುಚ್ಚಿಡುವುದಿಲ್ಲ, ಆ ಕ್ಷಣ ನನ್ನ ಬಲಗೈಯ ಬೆರಳು ತಾನಾಗಿ ಮೇಲಕ್ಕೆ ಹೊರಟಿತು. ಎಡಗೈಯಿಂದ ಅದನ್ನು ಹಿಡಿದು ಕೆಳಗಿಳಿಸಿದೆ. ಉಪಾಧ್ಯರು ಬೋರ್ಡಿನ ತುಂಡುಗಳನ್ನು ಹೆಕ್ಕುತ್ತ, "ಪರವಾಗಿಲ್ಲ, ಹೊಡೀರಿ, ಅದು ಹೇಗೂ ಹಳತು" ಎಂದರು. ಉಳಿದ ದಿನಗಳಲ್ಲಿ ನಾನೂ ಮಾಸ್ಟ್ರೂ ಸರದಿಯಲ್ಲಿ ಎಸೆದೆವು. ರಜೆ ಮುಗಿಯುವ ಹೊತ್ತಿಗೆ ಅವಳು ಹತ್ತರಲ್ಲಿ ಆರನ್ನು ಎತ್ತುತ್ತಿದ್ದಳು, ನನಗೆ ಬಲತೋಳು ಎತ್ತಲು ಆಗುತ್ತಿರಲಿಲ್ಲ.

ಗಲ್ಫಿನಲ್ಲಿ ಸೆಕೆ ಇಳಿದ ಮೇಲೆ ಅರ್ಹತಾ ಪಂದ್ಯಾವಳಿ ನಡೆಯಿತು. ಹನ್ನೊಂದರಲ್ಲಿ ಅವಳಿದ್ದಳು. ಕೊನೆಯ ಪಂದ್ಯ ಗೆದ್ದರೆ ಮುಂದಿನ ಸುತ್ತು, ಸೋತರೆ ಮುಗಿಯಿತು. ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಆಟ, ನಾನು ಡ್ಯೂಟಿಯಲ್ಲಿ. ಹಳೆಯ ನಿಯತಕಾಲಿಕಗಳ ಕಪಾಟಿನ ಹಿಂದೆ, ಯಾರೂ ಬಾರದ ಮೂಲೆಯಲ್ಲಿ, ಮೊಬೈಲು ಹಿಡಿದು ನಿಂತೆ. ಇನ್ನು ಐದು ಓವರಿಗೆ ನಲವತ್ತೊಂದು ಬೇಕೆನ್ನುವಾಗ ಅವಳು ಬಂದಳು. ಎದುರಾಳಿಗಳು ದೂರದ ಫೀಲ್ಡರುಗಳನ್ನೆಲ್ಲ ಈಚೆ ಕಳಿಸಿದರು, ಬಾಲನ್ನು ಆಚೆ ಹಾಕಿದರು. ಸಫೀಯ ಎತ್ತಿದಳು. ಬಾಲು ಒಮ್ಮೆ ನೆಲ ಮುಟ್ಟಿ ಗೆರೆ ದಾಟಿತು. ಮುಂದಿನ ಓವರಿನಲ್ಲಿ ಇನ್ನೊಂದು, ಅದರ ಮರುಬಾಲಿಗೆ ಮತ್ತೊಂದು, ನೆಲವೇ ಮುಟ್ಟದೆ. ನಾನು ಕೂಗಿದೆ. ಎಷ್ಟು ಕೂಗಿದೆನೆಂದರೆ, ಇಪ್ಪತ್ತು ವರ್ಷಗಳಿಂದ ನನ್ನಿಂದ ಬೈಸಿಕೊಂಡ ವಿದ್ಯಾರ್ಥಿಕುಲದ ಪರವಾಗಿ ಒಬ್ಬಳು ಹುಡುಗಿ ಬಂದು, "ಮೇಡಂ, ಸೈಲೆನ್ಸ್" ಎಂದಳು. ಆಮೇಲೆ ಅವಳೂ ನನ್ನ ಭುಜದ ಮೇಲಿಂದ ನೋಡುತ್ತ ನಿಂತಳು.

ಈಗ ಆಚೆ ಒಬ್ಬಳು ಫೀಲ್ಡರನ್ನು ಕಳಿಸಿದರು. ಒಂಬತ್ತು ರನ್ ಬೇಕು, ಏಳು ಬಾಲು. ಸಫೀಯ ಅದೇ ಕಡೆಗೆ ಎತ್ತಿದಳು. ಗೆರೆಯ ಅಂಚಿನಲ್ಲಿ ಆ ಫೀಲ್ಡರು ಕ್ಯಾಚ್ ಹಿಡಿದಳು. ಸಫೀಯಳ ತಂಡ ನಾಲ್ಕು ರನ್ನಿನಿಂದ ಸೋತಿತು. ನಾನು ಕಪಾಟಿಗೆ ಹಣೆ ಕೊಟ್ಟು ಅತ್ತೆ.

ತಂಡದ ಬಸ್ಸಿನಿಂದ ಸಫೀಯಳ ಫೋನು ಬಂತು. "ನೋಡಿದ್ಯಾ?"

"ನೋಡಿದೆ. ಆ ಬಾಲು ಬೇಡವಾಗಿತ್ತು ಸಫೀಯ. ಅಲ್ಲಿ ಜನ ಇದ್ದರು."

"ಇದ್ದರು. ನೋಡಿಯೇ ಹೊಡೆದೆ. ತಪ್ಪು ಲೆಕ್ಕ, ಆದರೆ ಹೆದರಿ ಔಟಾದದ್ದಲ್ಲ ಅಕ್ಕ." ಮೂಗು ಒರೆಸಿದ ಸದ್ದಾಯಿತು. "ಎರಡು ವರ್ಷಕ್ಕೆ ಮತ್ತೆ ಉಂಟು. ಆಗ ನನಗೆ ಮೂವತ್ತೇಳು. ಮೂವತ್ತೇಳಕ್ಕೆ ಎಂತ, ಕಾಲು ಉದುರ್ತದಾ?"

ಆ ಎರಡು ವರ್ಷ ಈಗ ಆಗುತ್ತ ಬಂತು. ಆಟಿಗೆ ಬರುತ್ತೇನೆ ಎಂದು ಮೊನ್ನೆ ವಾಯ್ಸ್ ಮೆಸೇಜ್ ಕಳಿಸಿದ್ದಾಳೆ. ತಂಡಕ್ಕೆ ಹತ್ತೊಂಬತ್ತು, ಇಪ್ಪತ್ತರ ಹುಡುಗಿಯರು ಬಂದಿದ್ದಾರೆ. ಜಾಗ ಉಳಿಯಬೇಕಾದರೆ ಈ ಸಲ ಬೌಲರಿನ ತಲೆಯ ಮೇಲಿಂದ ನೇರ ಹೊಡೆಯುವುದನ್ನು ಕಲಿಯಬೇಕಂತೆ. ಜಿನರಾಜ ಮಾಸ್ಟ್ರ ಭುಜ ಪೂರ್ತಿ ಕೈಕೊಟ್ಟಿದೆ; ಕುರ್ಚಿಯಲ್ಲಿ ಕೂತು ಹೇಳಿಕೊಡಬಲ್ಲರು, ಎಸೆಯಲಾರರು. ಬೌಲರಿನ ಜಾಗದಲ್ಲಿ ನಿಂತು, ನೇರ ಮುಖಕ್ಕೆ ಬರುವ ಬಾಲನ್ನು ದಿನಕ್ಕೆ ನೂರಿಪ್ಪತ್ತು ಸಲ ಎದುರಿಸುವವರು ಬೇಕು. ಮೆಸೇಜಿನಲ್ಲಿ ಅವಳು ನನ್ನನ್ನು ಕೇಳಿರಲಿಲ್ಲ, ಯಾರಾದರೂ ಸಿಕ್ಕಿದರೆ ನೋಡು ಎಂದಿದ್ದಳು. ನಾನು ಉತ್ತರ ಕೊಡದೆ ನಾಲ್ಕು ದಿನ ಕಳೆದಿದ್ದೆ. ನನಗೂ ಹೆದರಿಕೆ ಇರುತ್ತದೆ.

ಆ ಭಾನುವಾರ ಪಾಯಸ ಬರುವ ಮೊದಲೇ ಎಲೆ ಮಡಚಿ ಎದ್ದೆ. ಕೈ ತೊಳೆದು ಸೀದಾ ಉಪಾಧ್ಯರ ಕೋಣೆಗೆ ಹೋಗಿ, ಆಟಿ ಇಡೀ ಹಾಲು ಬೇಕೆಂದೆ. ಅವರು ಆಶ್ಚರ್ಯಪಡಲಿಲ್ಲ. ದಪ್ಪ ರಿಜಿಸ್ಟರ್ ತೆಗೆದು ಆಟಿಯ ಖಾಲಿ ಪುಟವನ್ನು ನನ್ನ ಮುಂದೆ ತಿರುಗಿಸಿದರು.

"ವಧುವಿನ ಕಡೆ, ವರನ ಕಡೆ ಅಂತ ಎರಡು ಕಾಲಂ ಉಂಟು. ಕಳೆದ ಸಲ ಬಾಯಿಮಾತಿನಲ್ಲಿ ಕೊಟ್ಟು ಕಮಿಟಿಯವರಿಂದ ಬೈಸಿಕೊಂಡೆ. ಎರಡರಲ್ಲೂ ಹೆಸರು ಬೇಕು."

ಪೆನ್ನು ತೆಗೆದುಕೊಂಡು ಒಂದರಲ್ಲಿ ಸಫೀಯ ಎಂದು ಬರೆದೆ. ಇನ್ನೊಂದರಲ್ಲಿ ನನ್ನ ಹೆಸರು ಬರೆದೆ. ಉಪಾಧ್ಯರು ಕನ್ನಡಕ ಏರಿಸಿ ಓದಿದರು.

"ನೀವು ಇದರಲ್ಲಿ ಎಂತ? ಮತ್ತೆ ಅಂಪಾಯರಾ?"

"ಅಲ್ಲ," ಎಂದೆ. "ಬೌಲರ್."