ಮುಖವಾಡದೊಳಗೆ ಯಾರಿದ್ದರೇನಂತೆ!

ಬಿಸಿ ಚಹಾವನ್ನು ಸ್ಟ್ರಾ ಹಾಕಿ ಕುಡಿಯಲು ಬರುವುದಿಲ್ಲ. ಇದು ನೀವು ಎಂದಾದರೂ ಪರೀಕ್ಷಿಸಿ ನೋಡಿದ ಸಂಗತಿ ಇರಲಾರದು. ಪರೀಕ್ಷಿಸುವುದೇ ವೃತ್ತಿಯಾಗಿರುವ ನಾನು ನೋಡಿದ್ದೇನೆ. ಒಲೆಯಿಂದ ಆಗತಾನೆ ಇಳಿದ ಚಹಾದಲ್ಲಿ ಪ್ಲಾಸ್ಟಿಕ್ ಸ್ಟ್ರಾ ಅದ್ದಿದರೆ ಅದು ಮೊದಲು ಮೆತ್ತಗಾಗುತ್ತದೆ, ಆಮೇಲೆ ಸೊಂಟ ಬಾಗಿಸುತ್ತದೆ, ಕೊನೆಗೆ ರಾತ್ರಿ ಪಾಳಿ ಮುಗಿಸಿದ ಕಾವಲುಗಾರನ ಹಾಗೆ ಲೋಟದ ಅಂಚಿಗೆ ಒರಗಿ ಮಲಗಿಬಿಡುತ್ತದೆ. ಹಾಗಾಗಿ ಸ್ಟ್ರಾದಲ್ಲೇ ಚಹಾ ಕುಡಿಯಬೇಕಾದವರು ಅದು ಆರುವವರೆಗೆ ಕಾಯಬೇಕು. ಇಷ್ಟು ಕ್ಷುಲ್ಲಕವಾದ ಸತ್ಯವನ್ನು ಅರಿಯದ ಒಬ್ಬ ಮ್ಯಾನೇಜರರ ಮೇಲೆ ನನಗೆ ಬಂದ ಸಿಟ್ಟು ಮಾತ್ರ ಎಷ್ಟು ದಿನ ಕಾದರೂ ಆರುತ್ತಿಲ್ಲ. ನಿಮಗೆ ಹೇಳಿಕೊಂಡರಾದರೂ ತುಸು ತಣ್ಣಗಾದೀತೆಂದು ಬರೆಯುತ್ತಿದ್ದೇನೆ.

ನಾನು ಸಿಂಧನೂರಿನ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಮಸ್ಕಿಯಲ್ಲೂ ಲಿಂಗಸುಗೂರಿನಲ್ಲೂ ನಮ್ಮವರು ಬೆಳಿಗ್ಗೆ ತೆಗೆದಿಟ್ಟ ರಕ್ತದ ಟ್ಯೂಬುಗಳನ್ನು ಐಸ್ ಪೆಟ್ಟಿಗೆಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದು ಪರೀಕ್ಷಿಸುವುದು ನನ್ನ ಪಾಲಿನ ಕೆಲಸ. ಪ್ರತಿ ಟ್ಯೂಬಿಗೂ ಹೆಸರು, ವಯಸ್ಸು, ಹೊತ್ತು ಬರೆದು ಬರೆದು ನನ್ನ ಕೈಗೆ ಒಂದು ಚಟ ಅಂಟಿಕೊಂಡಿದೆ: ಮನೆಗೆ ಬಂದಮೇಲೂ ಎಲ್ಲವನ್ನೂ ಬರೆದಿಡುತ್ತೇನೆ. ಬಸ್ಸು ಎಷ್ಟು ತಡವಾಯಿತು, ವಾರದಲ್ಲಿ ಎಷ್ಟು ಸಲ ಬದನೆಕಾಯಿ ಪಲ್ಯವಾಯಿತು, ಯಾವ ಸಿನಿಮಾಕ್ಕೆ ಹೋದೆ, ತಿಂಗಳ ನಂತರ ಅದರಲ್ಲಿ ಏನು ನೆನಪುಳಿಯಿತು. ನನ್ನ ಅಮ್ಮಿ ಈ ಡೈರಿಯನ್ನು ಕಂಡಾಗಲೆಲ್ಲ, “ನಾಳೆ ಗಂಡನಾಗಿ ಬರುವವನಿಗೂ ನೀನು ಕಾಲಂ ಹಾಕಿಟ್ಟಿರುತ್ತೀ” ಎಂದು ದಖನಿ ಉರ್ದುವಿನಲ್ಲಿ ಬೈಯುತ್ತಾಳೆ. ಹಾಕಿಟ್ಟಿದ್ದೇನೆ; ತುಂಬುವವರು ಸಿಕ್ಕಿಲ್ಲ.

ಸಿನಿಮಾಗಳ ಕಾಲಂ ತುಂಬಿದ್ದು ಖಾಜಾ ಮಾಮುವಿನಿಂದ. ಅಮ್ಮಿಯ ತಮ್ಮನಾದ ಈತ ಮದುವೆಗಳಿಗೆ ಶಾಮಿಯಾನ ಹಾಕುವವನು. ಕುಳ್ಳಗೆ, ಹೊಟ್ಟೆ ತುಸು ಮುಂದೆ, ಬಾಯಿ ಇನ್ನೂ ಮುಂದೆ. ಲೋಕ ಮುಳುಗುವ ಹೊತ್ತಿಗೆ ಸರಿಯಾಗಿ ಆಕಾಶದಿಂದಿಳಿದು ಉಳಿಸುವ ಮಹಾವೀರರ ಸಿನಿಮಾ ಎಂದರೆ ಅವನಿಗೆ ಪ್ರಾಣ. ನಮ್ಮ ಕಡೆ ಇವು ಒಮ್ಮೆ ತೆಲುಗಿನಲ್ಲಿ, ಒಮ್ಮೆ ಹಿಂದಿಯಲ್ಲಿ, ಅಪರೂಪಕ್ಕೆ ಕನ್ನಡದಲ್ಲಿ ಬರುತ್ತವೆ. ಮಾಮುವಿಗೆ ಭಾಷೆಯ ಹಂಗಿಲ್ಲ; ವೀರ ಹಾರಿದರೆ ಸಾಕು.

ಇಂಥ ಸಿನಿಮಾ ಬಂದಾಗಲೆಲ್ಲ ನಮ್ಮೂರಿನ ಟಾಕೀಸಿನವರು ಆಟೋಕ್ಕೆ ಮೈಕು ಕಟ್ಟಿ, ಅದರಲ್ಲಿ ವೀರನ ವೇಷದ ಒಬ್ಬ ಮನುಷ್ಯನನ್ನು ಕೂರಿಸಿ ಊರೂರು ತಿರುಗಿಸುತ್ತಾರೆ. ಆ ಮನುಷ್ಯ ನಮ್ಮ ಮಾಮು. ವೇಷ ಒಂದೇ: ಹಸಿರು ಅಂಗಿ, ಹಸಿರು ಇಜಾರ, ಬೆನ್ನಿಗೆ ಶಾಮಿಯಾನದ್ದೇ ಕೆಂಪು ಬಟ್ಟೆ. ಸಿನಿಮಾ ಬದಲಾದರೆ ಎದೆಯ ಮೇಲಿನ ಚೀಟಿಯಷ್ಟೇ ಬದಲು. ಮುಖವಾಡದಲ್ಲಿ ಕಣ್ಣಿಗೆರಡು ತೂತು, ಬಾಯಿಯ ಜಾಗದಲ್ಲಿ ಬೆರಳು ತೂರುವಷ್ಟೇ ಒಂದು ತೂತು. ಜನರೆದುರು ಮುಖವಾಡ ತೆಗೆಯಬಾರದೆಂಬುದು ಯಾರೂ ಹೇಳದೆಯೇ ಮಾಮು ತನಗೆ ತಾನೇ ಹಾಕಿಕೊಂಡ ವ್ರತ. ಚಹಾ ಬಿಡುವುದು ಮಾತ್ರ ಆಗದ ಮಾತು. ಆದ್ದರಿಂದ ಸ್ಟ್ರಾ.

ಆಟೋ ಓಡಿಸುವ ಅಮರೇಶನೇ ಮೈಕಿನಲ್ಲಿ ಕೂಗುವವನೂ ಹೌದು. ಮಸ್ಕಿಯ ಬಸ್‌ಸ್ಟ್ಯಾಂಡಿನಲ್ಲಿ ಐಸ್ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಕೂತಾಗ ಆ ಇಬ್ಬರನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

“ಬಂದಾನ ನೋಡ್ರಪ್ಪೋ, ಲೋಕ ಉಳಸಾಂವ ಬಂದಾನ!”

“ಲೋಕ ಆಮ್ಯಾಲೆ ಉಳಸ್ತೀನಿ, ಮೊದಲ ಆಟೋ ನಿಂದರಿಸ್ಲೇ, ಚಾ ಕುಡಿಯೂಣು” ಎಂದು ವೀರವಾಣಿ ಅದೇ ಮೈಕಿನಲ್ಲಿ ಕೇಳಿಬರುತ್ತಿತ್ತು.

ಚಹಾದಂಗಡಿಯ ಗಂಗಮ್ಮ ಲೋಟದಲ್ಲಿ ಚಹಾ, ಪಕ್ಕದಲ್ಲಿ ಸ್ಟ್ರಾ ಇಟ್ಟರೆ, ಚಹಾ ಆರುವವರೆಗೆ ಲೋಕರಕ್ಷಕನಿಗೆ ಬೇರೆ ಕೆಲಸವಿಲ್ಲ. ಸುತ್ತ ನಿಂತವರೊಡನೆ ಮಾತು. ಸಂತೆಕಲ್ಲೂರಿನವರು ಸಿಕ್ಕರೆ ತೊಗರಿ ಹೂ ಹಿಡಿದಿದೆಯೇ ಎಂದು ಕೇಳುವನು. ಗೊರೇಬಾಳದವರು ಸಿಕ್ಕರೆ ಕಾಲುವೆಗೆ ನೀರು ಬಿಟ್ಟರೇ ಎಂದು. ಒಮ್ಮೆ ಒಬ್ಬ ಮುದುಕಿ, “ಯಪ್ಪಾ, ಲೋಕ ಉಳಸಾಂವ ನೀನ ಅಲ್ಲೇನು, ಲಿಂಗಸುಗೂರ ಬಸ್ ಯಾವಾಗ ಬರ್ತೈತಿ ಹೇಳು ನೋಡೂಣು” ಎಂದಳು. ಮಾಮು ಎರಡೂ ಕೈ ಮೇಲೆತ್ತಿ, “ಅದು ನನ್ನ ಕೈಯಾಗ ಇಲ್ಲವ್ವಾ” ಎಂದ. ನಿಂತವರೆಲ್ಲ ನಕ್ಕರು, ಮುದುಕಿ ಎಲ್ಲರಿಗಿಂತ ಹೆಚ್ಚು ನಕ್ಕಳು. ಹಟ್ಟಿಯ ಗಣಿಯಲ್ಲಿ ಪಾಳಿ ಬಿಡುವ ಹೊತ್ತಿಗೆ ಆಟೋ ನಿಲ್ಲಿಸಿದಾಗ ಒಬ್ಬ ಕಾರ್ಮಿಕ, “ನೀ ಮ್ಯಾಲ ಹಾರತಿ, ನಾವು ತೆಳಗ ಇಳಿತೀವಿ, ನಡುವ ಚಾ ಕುಡಿಯೂಣು ಬಾ” ಎಂದು ಕರೆದನಂತೆ. ಇದನ್ನು ಮಾಮು ಮನೆಯಲ್ಲಿ ಹೇಳುವಾಗ ದನಿ ಸ್ವಲ್ಪ ಒದ್ದೆಯಾಗಿರುತ್ತದೆ. ಆದರೆ ಅವನ ಕೊರಗು ಒಂದಿತ್ತು: “ಇಷ್ಟೆಲ್ಲ ಮಾಡಿದರೂ ಒಳಗಿರುವವನು ಖಾಜಾ ಎಂದು ಒಬ್ಬರಿಗೂ ಗೊತ್ತಿಲ್ಲ ನೋಡು.”

ಈಗ ಸಿಟ್ಟಿನ ವಿಷಯಕ್ಕೆ ಬರುತ್ತೇನೆ. ಟಾಕೀಸಿಗೆ ಹೊಸ ಮ್ಯಾನೇಜರು ಬಂದರು. ಈ ಸಲ ದೊಡ್ಡ ಸಿನಿಮಾ ಬರುವ ಮುನ್ನ, ಮಾಮುವಿಗೆ ಒಂದು ಮಾತೂ ಹೇಳದೆ, ಆ ವೇಷವನ್ನು ಗೊರೇಬಾಳದ ಶರಣು ಎಂಬ ಹುಡುಗನಿಗೆ ಕೊಟ್ಟರು. ಶರಣು ಜಿಮ್ಮಿನಲ್ಲಿ ಮೈ ಬೆಳೆಸಿದವನು. ಆರಡಿ ಎತ್ತರ, ಬಾಗಿಲಗಲದ ಎದೆ. ಮಾಮುವಿಗೆ ತಿಳಿದದ್ದು ಹೇಗೆಂದರೆ, ಯಾವುದೋ ಮದುವೆಯ ಶಾಮಿಯಾನದ ಗೂಟ ಹೊಡೆಯುತ್ತಿದ್ದಾಗ ತನ್ನ ಆಟೋ, ತನ್ನ ಅಮರೇಶ, ತನ್ನ ವೇಷ ಮೂರೂ ತನ್ನೆದುರೇ ಹಾದುಹೋದವು. ಅಂದಿನಿಂದ ಮಾಮು ಸಿನಿಮಾದ ಮಾತೆತ್ತಲಿಲ್ಲ. ನಾನು ಟಿಕೆಟಿನ ಮಾತೆತ್ತಿದರೆ ತಲೆನೋವೆಂದ. ಮನೆಯಲ್ಲಿ ಬಾಯಿ ಮುಂದಿದ್ದವನ ಬಾಯಿ ಮುಚ್ಚಿದರೆ ಉಳಿದವರಿಗೆ ಊಟ ರುಚಿಸುವುದಿಲ್ಲ.

ನಾನೇ ಮ್ಯಾನೇಜರರ ಬಳಿ ಹೋದೆ. ಸಭ್ಯರು, ಕುರ್ಚಿ ಕೊಟ್ಟರು, ಚಹಾ ತರಿಸಿದರು. ಆಮೇಲೆ ಅಂದರು: “ನೋಡವಾ, ಮುಖವಾಡದಾಗ ಯಾರಿದ್ರೇನು? ಮಂದಿಗೆ ಕಾಣೂದು ಡ್ರೆಸ್ಸು.”

“ಯಾರಿದ್ರೂ ನಡೀತೈತಿ ಅಂದ್ರ, ನಮ್ಮ ಮಾಮು ಇದ್ರ ಯಾಕ ನಡಿಯಂಗಿಲ್ರಿ?” ಎಂದು ಕೇಳಿದೆ.

ಅವರು ನಕ್ಕರು. ವಾದದಲ್ಲಿ ಸೋತವರು ನಗುವುದುಂಟು, ಸೋತದ್ದು ತಿಳಿಯದವರೂ ನಗುವುದುಂಟು; ಇವರು ಎರಡನೆಯ ಪಂಗಡ. ನಾನು ಚಹಾ ಮುಟ್ಟದೆ ಎದ್ದು ಬಂದೆ. ಅದು ಬಹಳ ದಿಟ್ಟತನದ ಪ್ರತಿಭಟನೆ ಎಂದು ಆಗ ಅನ್ನಿಸಿತ್ತು. ಚಹಾದವನ ಹೊರತು ಅದನ್ನು ಯಾರೂ ಗಮನಿಸಲಿಲ್ಲ.

ಯಾರಿದ್ದರೇನು ಎಂಬ ಈ ಮಾತು ಎಷ್ಟು ಅಪಾಯದ್ದೆಂದು ನನ್ನ ವೃತ್ತಿಯವರನ್ನು ಕೇಳಿ. ಸಕ್ಕರೆ ನೋಡುವ ನಮ್ಮ ಟ್ಯೂಬುಗಳೆಲ್ಲ ಒಂದೇ ಅಚ್ಚಿನವು, ಮುಚ್ಚಳಗಳು ಒಂದೇ ಬಣ್ಣದವು, ಒಳಗಿನದೂ ಕೆಂಪೇ. ಒಳಗೆ ಯಾರಿದ್ದರೇನು ಎಂದು ನಾನೊಂದು ದಿನ ಚೀಟಿ ಹಚ್ಚದೆ ಬಿಟ್ಟರೆ, ಮಸ್ಕಿಯವರ ಸಕ್ಕರೆ ಲಿಂಗಸುಗೂರಿನವರಿಗೆ ಏರಿ, ತಿಂಡಿಪೋತರು ಪಾರಾಗಿ, ಪಾಪದವರು ಹಾಗಲಕಾಯಿ ತಿನ್ನಬೇಕಾಗುತ್ತದೆ. ಹೊರಗೆ ಒಂದೇ ಕಾಣುವ ಕಡೆಯಲ್ಲೇ ಒಳಗೆ ಯಾರೆಂಬುದು ಎಲ್ಲಕ್ಕಿಂತ ಮುಖ್ಯ.

ಸಿನಿಮಾ ಮಾಡುವ ದೊಡ್ಡವರಿಗೂ ಇದು ಗೊತ್ತಿದ್ದಂತಿಲ್ಲ. ನನ್ನ ‘ತಿಂಗಳ ನಂತರ ನೆನಪು’ ಎಂಬ ಕಾಲಮ್ಮಿನಲ್ಲಿ ಉರುಳಿದ ಕಟ್ಟಡಗಳಿಲ್ಲ, ಸೀಳಿದ ಆಕಾಶವಿಲ್ಲ. ಅದಕ್ಕೇ ಅವರು ಅಷ್ಟು ಖರ್ಚು ಮಾಡಿದ್ದರೆಂದು ಕೇಳಿದ್ದೇನೆ, ಪಾಪ. ನನಗೆ ಉಳಿದದ್ದು, ಊರು ಸುಡಲು ಹೊರಟ ಒಬ್ಬ ಖಳ ಹೊಸ್ತಿಲಲ್ಲಿ ನಿಂತು ಮಲಗಿದ ತಾಯಿಗೆ ಕಂಬಳಿ ಸರಿಪಡಿಸಿದ ರೀತಿ. ಹಾರಿ ಹಾರಿ ಸುಸ್ತಾದ ಒಬ್ಬ ವೀರ ಗೋಡೆಗೊರಗಿ ಬೂಟಿನೊಳಗಿನ ಕಲ್ಲು ಕೊಡವಿದ ರೀತಿ. ಆ ಕಲ್ಲು ಕೊಡವಿದವನಿಗಾಗಿ ನಾವು ಅವನ ಮೂರು ಭಾಗಗಳನ್ನು ನೋಡಿದೆವು. ನಾಲ್ಕನೆಯದರಲ್ಲಿ ಅದೇ ಉಡುಪು, ಅದೇ ಹೆಸರು, ಒಳಗೆ ಬೇರೆ ನಟ. ಅವನೂ ಕಲ್ಲು ಕೊಡವಿದ. ಯಾರೋ ಹೇಳಿಕೊಟ್ಟದ್ದನ್ನು ಒಪ್ಪಿಸಿದ ಹಾಗೆ, ನೀಟಾಗಿ. ತುಂಬಿದ ಟಾಕೀಸಿನಲ್ಲಿ ಮಾಮು ಎದ್ದು ನಿಂತು ತೆರೆಗೆ ಬೆರಳು ಮಾಡಿ, “ಏ, ಇಂವ ಅಂವ ಅಲ್ಲ!” ಎಂದು ಕೂಗಿದ. ಕೂತವರೆಲ್ಲ ಶಿಳ್ಳೆ ಹೊಡೆದರು. ನಾನು ನಾಚಿ ಪಾಪ್‌ಕಾರ್ನಿನ ಪೊಟ್ಟಣದೊಳಗೆ ಮುಖವಿಟ್ಟೆ. ಆದರೆ ಒಂದು ಮಾತು ಹೇಳುತ್ತೇನೆ, ಆ ಸಿನಿಮಾ ನಮ್ಮೂರಲ್ಲಿ ಎರಡನೆಯ ವಾರ ಕಾಣಲಿಲ್ಲ.

ಮ್ಯಾನೇಜರರನ್ನು ಕಂಡುಬಂದ ಮುಂದಿನ ಸೋಮವಾರ ಮಸ್ಕಿಯಲ್ಲಿ ಬಸ್ಸಿಗೆ ಕೂತಿದ್ದಾಗ ಆಟೋ ಬಂತು. ಅಮರೇಶ ಕೂಗಿದ; ಮಕ್ಕಳು ಓಡಿದರು; ಗಂಗಮ್ಮ ಕೈ ಒರೆಸಿಕೊಂಡು ಲೋಟಕ್ಕೆ ಚಹಾ ಸುರಿದು ಸ್ಟ್ರಾ ಕೈಗೆತ್ತಿಕೊಂಡಳು. ಆಟೋದಿಂದ ಹಸಿರು ವೇಷ ಇಳಿಯಿತು. ಇಜಾರ ಕಣಕಾಲಿನಿಂದ ಗೇಣು ಮೇಲೆ, ಅಂಗಿಯ ಹೊಲಿಗೆ ಎದೆಯ ಬಳಿ ಉಸಿರು ಹಿಡಿದಂತೆ. ಭವ್ಯವಾಗಿತ್ತು, ಸುಳ್ಳು ಹೇಳಲಾರೆ. ವೀರ ಸೊಂಟದ ಮೇಲೆ ಕೈಯಿಟ್ಟು ನಿಂತ. ಗಂಗಮ್ಮ ಚಹಾ ಮುಂದೆ ಹಿಡಿದಳು.

“ಬ್ಯಾಡ್ರಿ, ಸಕ್ಕರಿ ಮುಟ್ಟಂಗಿಲ್ಲ ನಾನು.”

ಗಂಗಮ್ಮನ ಕೈ ಹಾಗೇ ನಿಂತಿತು. ಅವಳು ಮುಖವಾಡದ ತೂತುಗಳೊಳಗೆ ಬಗ್ಗಿ ನೋಡಿ, ಲೋಟ ಹಿಂದಕ್ಕೆ ತಂದು, ಸುತ್ತಲಿನವರಿಗೆ ತೀರ್ಪು ಕೊಟ್ಟಳು: “ಇಂವ ಅಂವ ಅಲ್ಲ ಬಿಡ್ರವ್ವಾ.” ಮಕ್ಕಳು ಅದನ್ನೇ ಎತ್ತಿಕೊಂಡು, “ಇಂವ ಅಂವ ಅಲ್ಲ! ಇಂವ ಅಂವ ಅಲ್ಲ!” ಎಂದು ಆಟೋದ ಹಿಂದೆ ಬಸ್‌ಸ್ಟ್ಯಾಂಡಿನ ಕೊನೆಯವರೆಗೆ ಓಡಿದರು. ಮೈಕಿನಲ್ಲಿ ಹೇಳಿದ ಸಿನಿಮಾದ ಹೆಸರು ಯಾರಿಗೂ ಕೇಳಲಿಲ್ಲ.

ಸುದ್ದಿ ಮ್ಯಾನೇಜರರಿಗೆ ತಲುಪಿತು. ಅವರು ಏನು ಮಾಡಿದರೆಂದು ಊಹಿಸಿ. ಮಾಮುವನ್ನು ಕರೆದರೇ? ಇಲ್ಲ. ಶರಣುವಿನ ಕೈಗೊಂದು ಸ್ಟ್ರಾ ಕೊಟ್ಟರು! ಆ ನಾಲ್ಕನೆಯ ಭಾಗದವರು ಕಲ್ಲು ಇಟ್ಟುಕೊಂಡು ಮನುಷ್ಯನನ್ನು ಬಿಟ್ಟರಲ್ಲ, ಥೇಟ್ ಹಾಗೆ. ಬುಧವಾರ ಲಿಂಗಸುಗೂರಿನಲ್ಲಿ, ನೂರು ಜನರೆದುರು, ಆ ಹುಡುಗ ಕುದಿಯುವ ಚಹಾಕ್ಕೆ ಸ್ಟ್ರಾ ಹಾಕಿ, ಹೇಳಿಕೊಟ್ಟಂತೆ ಒಂದೇ ದಮ್ಮಿಗೆ ಎಳೆದ. ಸ್ಟ್ರಾ ಮಲಗಿತು, ನಾಲಿಗೆ ಸುಟ್ಟಿತು, ಲೋಕರಕ್ಷಕ “ಯವ್ವಾ!” ಎಂದು ಮುಖವಾಡ ಕಿತ್ತು ಎಸೆದ. ನಾನಲ್ಲಿರಲಿಲ್ಲ, ನನ್ನ ಜೊತೆಯ ಲ್ಯಾಬಿನವರು ನಗುತ್ತ ಹೇಳಿದರು. ನನಗೆ ನಗು ಬರಲಿಲ್ಲ. ಹುಡುಗನ ತಪ್ಪೇನು? ಸ್ಟ್ರಾ ಕೊಟ್ಟವರು ಕಾಯುವುದನ್ನು ಹೇಳಿಕೊಡಲಿಲ್ಲ. ಅವರಿಗೆ ಕಂಡದ್ದು ಲೋಟ, ಸ್ಟ್ರಾ, ವೇಷ. ಚಹಾ ಆರುವ ತನಕ ಅಲ್ಲಿ ಏನು ನಡೆಯುತ್ತಿತ್ತೆಂಬುದು ಕಾಣಲಿಲ್ಲ. ಜನ ಬರುತ್ತಿದ್ದದ್ದು ಅದಕ್ಕೇ.

ಅಂದು ಸಂಜೆ ಮನೆಗೆ ಹೋಗಿ, ಸೋಮವಾರದಿಂದ ಹೇಳದೆ ಇಟ್ಟದ್ದನ್ನೂ ಸೇರಿಸಿ, ಮಾಮುವಿಗೆ ಎಲ್ಲ ಹೇಳಿದೆ. ಶರಣುವಿನ ನಾಲಿಗೆಯ ಸುದ್ದಿಗೆ ಖುಷಿಯಾದಾನೆಂದು ಅಂದುಕೊಂಡಿದ್ದೆ. “ಪಾಪ, ತುಪ್ಪ ಹಚ್ಚಬೇಕಿತ್ತು” ಎಂದ. ಮಸ್ಕಿಯ ಸುದ್ದಿ ಬಂದಾಗ ಮಾತ್ರ ಒರಗಿದ್ದವನು ಎದ್ದು ಕೂತ.

“ಕ್ಯಾ ಬೋಲೀ ಗಂಗಮ್ಮ? ಫಿರ್ ಸೇ ಬೋಲ್.”

“ಇಂವ ಅಂವ ಅಲ್ಲ ಬಿಡ್ರವ್ವಾ, ಅಂದಳು.”

“ಮುಖವಾಡ ಇದ್ದಾಗಲೇ?”

“ಇದ್ದಾಗಲೇ.”

ಮಾಮುವಿನ ಹೆಸರು ಗೊತ್ತಿಲ್ಲದವಳು, ಮುಖ ಒಮ್ಮೆಯೂ ಕಾಣದವಳು, ಅವನಿಲ್ಲದಿರುವುದನ್ನು ಒಂದೇ ಲೋಟ ಚಹಾದಲ್ಲಿ ಪತ್ತೆ ಹಚ್ಚಿದ್ದಳು. ನಮ್ಮ ಲ್ಯಾಬಿಗೂ ಇದಕ್ಕಿಂತ ಹೆಚ್ಚು ಹೊತ್ತು ಬೇಕು.

ಮರುದಿನ ಬೆಳಿಗ್ಗೆ ಬಾಗಿಲಲ್ಲಿ ಆಟೋ ನಿಂತಿತು. ಅಮರೇಶನ ಹಿಂದೆ ಶರಣು, ಅವನ ಕೈಯಲ್ಲಿ ಮಡಚಿದ ಹಸಿರು ವೇಷ.

“ಮಾಮೂ, ನನಗ ಬ್ಯಾಡ್ರಿ ಇದು” ಎಂದ ಹುಡುಗ, ಸುಟ್ಟ ನಾಲಿಗೆಯಲ್ಲಿ ತಡವರಿಸುತ್ತ. “ನನ್ನ ಕೂಡ ಫೋಟೋ ತಗೋತಾರ್ರಿ. ಯಾರೂ ಮಾತಾಡಂಗಿಲ್ಲ.”

ಅಮರೇಶ ಅವಸರದಲ್ಲಿದ್ದ. “ಲಗೂನ ಹೊಂಡ್ರಿ, ಮ್ಯಾನೇಜರ್ ಟಾಕೀಸಿನ ಮುಂದ ಕಾಯಾಕತ್ತಾರ. ನಿಮ್ಮನ್ನ ಕರಕೊಂಡು ಬಾ ಅಂದಾರ.”

ತಪ್ಪಾಯಿತೆಂದು ಅಂದರೇ ಎಂದು ನಾನು ಕೇಳಿದೆ. ಅಂದಿರಲಿಲ್ಲ. ವೇಷ ಶರಣುವಿಗೆ ಗಿಡ್ಡವಾಗುತ್ತದೆ, ಅದಕ್ಕೆ ಕರೆ ಎಂದಿದ್ದರಂತೆ. ನೋಡಿದಿರಾ? ಕೊನೆಗೂ ಅವರಿಗೆ ಕಂಡದ್ದು ಬಟ್ಟೆಯ ಅಳತೆಯೇ. ನಾನು ಬಾಯಿ ತೆರೆಯುವಷ್ಟರಲ್ಲಿ ಮಾಮು ವೇಷವನ್ನು ಇಸಕೊಂಡು ತೊಡೆಯ ಮೇಲಿಟ್ಟುಕೊಂಡ; ಎದೆಯ ಬಳಿ ಬಿಟ್ಟ ಹೊಲಿಗೆಯ ಮೇಲೆ ಬೆರಳಾಡಿಸಿದ. ಆಮೇಲೆ ಅಮ್ಮಿಗೆ ಎಲ್ಲರಿಗೂ ಚಹಾ ತರಲು ಹೇಳಿ, ಶರಣುವನ್ನು ಪಕ್ಕದಲ್ಲಿ ಕೂರಿಸಿಕೊಂಡು, “ನಿಮ್ಮ ಕಡೆ ಕಾಲುವಿಗೆ ನೀರ ಬಂತೇನಪ?” ಎಂದು ಕೇಳಿದ. ಹುಡುಗ ಹೇಳತೊಡಗಿದ.

ಚಹಾ ಬಂತು. ಅಮರೇಶ ತನ್ನದನ್ನು ಎರಡೇ ಗುಟುಕಿಗೆ ಮುಗಿಸಿ ಎದ್ದು ನಿಂತ. “ಮಾಮೂ, ಹೊತ್ತಾತು, ಅವರು ಕಾಯಾಕತ್ತಾರ…”

“ತಡೀಲೇ, ಚಾ ಆರಲಿ” ಎಂದ ಮಾಮು.

ಅಮರೇಶ ಮತ್ತೆ ಕೂತ. ಮಾಮುವಿನ ಲೋಟದ ಮೇಲೆ ಕೆನೆ ಕಟ್ಟತೊಡಗಿತು. ಬಿಸಿ ಚಹಾವನ್ನು ಸ್ಟ್ರಾ ಹಾಕಿ ಕುಡಿಯಲು ಬರುವುದಿಲ್ಲ, ಅದು ಅಲ್ಲಿ ಕೂತವರೆಲ್ಲ ಬಲ್ಲದ್ದು. ಆದರೆ ಆಗ ಮಾಮುವಿನ ಮುಖದ ಮೇಲೆ ಮುಖವಾಡವಿರಲಿಲ್ಲ, ಲೋಟದಲ್ಲಿ ಸ್ಟ್ರಾ ಇರಲಿಲ್ಲ. ಅದನ್ನು ನಮ್ಮಲ್ಲಿ ಯಾರೂ ಹೇಳಲು ಹೋಗಲಿಲ್ಲ.