ಗಾಳಿಹುಳದ ತಲೆ

ಚಿಕ್ಕಜಾಲದ ಆಶಾರಾಣಿಗೆ ಹೊಟ್ಟೆಕಿಚ್ಚು ಅನ್ನುವುದೇ ಇರಲಿಲ್ಲ. ಹಾಗೆಂದು ಅವಳೇ ಹೇಳುತ್ತಿದ್ದಳು, ಅದೂ ಯಾರೂ ಕೇಳದೇ ಇದ್ದಾಗ. ನಿಜ ಹೇಳಬೇಕೆಂದರೆ, ಹೊಟ್ಟೆಕಿಚ್ಚು ಪಡುವುದಕ್ಕೆ ಅವಳಿಗೆ ಕಾರಣವೇ ಸಿಕ್ಕಿರಲಿಲ್ಲ. ಮಹೇಂದ್ರನ ಶೆಡ್ಡಿನಲ್ಲಿ ಅವಳಿಗಿಂತ ಚೆನ್ನಾಗಿ ಹೊಲಿಯುವವರು ಒಬ್ಬರೂ ಇರಲಿಲ್ಲ.

ಏರ್‌ಪೋರ್ಟ್ ರಸ್ತೆಯಿಂದ ಸ್ವಲ್ಪ ಒಳಗೆ ಹೋದರೆ ಆ ತಗಡಿನ ಶೆಡ್ಡು. ಅಲ್ಲಿ ಗಾಳಿ ತುಂಬುವ ಸಾಮಾನು ತಯಾರಾಗುತ್ತಿತ್ತು: ಹುಟ್ಟುಹಬ್ಬಗಳಲ್ಲಿ ಮಕ್ಕಳು ಎಗರಿ ಕುಣಿಯುವ ಗಾಳಿಮನೆ, ಅಂಗಡಿಗಳ ಮುಂದೆ ಕೈ ಬೀಸುತ್ತಾ ಬಳುಕುವ ಉದ್ದನೆಯ ಗೊಂಬೆ. ಆಶಾರಾಣಿ ಮದುವೆಯಾದ ಹೊಸದರಲ್ಲಿ ಮನೆಯಲ್ಲೇ ಊರ ಹೆಂಗಸರಿಗೆ ಬ್ಲೌಸ್ ಹೊಲಿದುಕೊಡುತ್ತಿದ್ದಳು. ಗಂಡ ಬಾಲರಾಜ್ ಕ್ಯಾಬ್ ಓಡಿಸುತ್ತಿದ್ದ. ಮಹೇಂದ್ರ ಶೆಡ್ಡು ಹಾಕಿದಾಗ ಮೊದಲು ಬಂದು ಮಿಷಿನ್ ಮುಂದೆ ಕೂತವಳು ಇವಳೇ. ಆಮೇಲೆ ಬಂದ ಹೆಂಗಸರಿಗೆಲ್ಲ ಕೆಲಸ ಕಲಿಸಿದವಳೂ ಇವಳೇ. ಹೀಗಾಗಿ ಎಲ್ಲರ ಬಾಯಲ್ಲೂ ಆಶಕ್ಕ, ಮಾಲೀಕನ ಬಾಯಲ್ಲೂ ಆಶಕ್ಕ. ಸಾಮಾನು ಹಾಕಿಕೊಂಡು ಎಲ್ಲಿಗೇ ಹೊರಟರೂ ವ್ಯಾನಿನ ಮುಂದಿನ ಸೀಟು ಅವಳದ್ದು.

ಶೆಡ್ಡಿನಲ್ಲಿ ಒಂದು ಪದ್ಧತಿ ಇತ್ತು. ಒಬ್ಬೊಬ್ಬರದು ಒಂದೊಂದು ಬಣ್ಣದ ನೂಲು, ಆಶಾರಾಣಿಯದು ಕೆಂಪು. ಹೊಲಿದು, ಮೇಲೆ ಟೇಪ್ ಇಟ್ಟು ಬಿಸಿ ಇಸ್ತ್ರಿ ಒತ್ತಿ, ಗಾಳಿ ತುಂಬಿ, ಹೊಲಿಗೆಯ ಉದ್ದಕ್ಕೂ ಸೋಪಿನ ನೊರೆ ಬಳಿಯುತ್ತಿದ್ದರು. ಯಾರ ನೂಲಿನ ಹತ್ತಿರ ಗುಳ್ಳೆ ಎದ್ದಿತೋ ಅವರು ಆ ಸಂಜೆ ಎಲ್ಲರಿಗೂ ಬೋಂಡಾ ಕೊಡಿಸಬೇಕು. ಆಶಾರಾಣಿ ಬೋಂಡಾ ತಿಂದಿದ್ದಳೇ ಹೊರತು ಕೊಡಿಸಿದವಳಲ್ಲ.

ಆಮೇಲೆ ತಸ್ನೀಮ್ ಬಂದಳು.

ಆರ್.ಟಿ. ನಗರದ ಹುಡುಗಿ, ಮದುವೆಯಾಗಿ ಎರಡು ವರ್ಷವಾಗಿರಬಹುದು. ಅವಳ ಅಪ್ಪ ಖಾದರ್ ಬಾಷಾ ಯಶವಂತಪುರದಲ್ಲಿ ಲಾರಿಗಳಿಗೆ ಟಾರ್ಪಾಲು, ಆಟೋಗಳಿಗೆ ಹುಡ್ಡು ಹೊಲಿಯುತ್ತಿದ್ದವರು. ಮಳೆನೀರು ಒಳಗೆ ಬರದಂತೆ ಹೊಲಿಯುವವರ ಮಗಳಿಗೆ ಗಾಳಿ ಹೊರಗೆ ಹೋಗದಂತೆ ಹೊಲಿಯುವುದು ಕಷ್ಟವಾಗಲಿಲ್ಲ. ಹಸಿರು ನೂಲು ಇಸಿದುಕೊಂಡು ಕೂತಳು. ಮೊದಲ ದಿನ ಅವಳ ಹೊಲಿಗೆಯಲ್ಲಿ ಗುಳ್ಳೆ ಏಳಲಿಲ್ಲ. ಹೊಸಬರ ಅದೃಷ್ಟ ಎಂದುಕೊಂಡಳು ಆಶಾರಾಣಿ. ವಾರವಾಯಿತು, ತಿಂಗಳಾಯಿತು, ಹಸಿರು ನೂಲಿನ ಹತ್ತಿರ ಒಂದು ಗುಳ್ಳೆಯಾದರೂ ಏಳಬೇಕಲ್ಲ! ನೊರೆ ಬಳಿಯುವ ಹೊತ್ತಿಗೆ ಆಶಾರಾಣಿ ಬಗ್ಗಿ, ಕಣ್ಣು ಕಿರಿದು ಮಾಡಿ ಹುಡುಕತೊಡಗಿದಳು. ಹೀಗೆ ಪಕ್ಕದವಳ ಹೊಲಿಗೆ ಹುಡುಕುವ ಭರದಲ್ಲಿ ತನ್ನ ಟೇಪು ಸರಿಯಾಗಿ ಒತ್ತುವುದನ್ನು ಮರೆತಳೋ ಏನೋ, ಒಂದು ದಿನ ಕೆಂಪು ನೂಲಿನ ಹತ್ತಿರವೇ ಬುಳುಬುಳು ಎಂದಿತು.

ಬೋಂಡಾ ಬಂತು. "ಚೆನ್ನಾಗಿದೆ ಅಕ್ಕಾ," ಎಂದಳು ತಸ್ನೀಮ್. ಅವಳು ಹೇಳಿದ್ದು ಬೋಂಡಾದ ಬಗ್ಗೆಯೇ. ಆಶಾರಾಣಿಗೆ ಮಾತ್ರ ಮೈಯೆಲ್ಲ ಉರಿದುಹೋಯಿತು.

ಇಷ್ಟರಲ್ಲಿ ಸೋಲದೇವನಹಳ್ಳಿ ಕಡೆಯ ಕಾಲೇಜೊಂದರಿಂದ ಶಿವರಾಮ್ ಎಂಬ ಮೇಷ್ಟರು ಹೊಸ ಕೆಲಸ ತಂದರು. ಮನುಷ್ಯರು ಇಳಿಯಲಾಗದ ಕಿರಿದಾದ ಪೈಪುಗಳೊಳಗೆ ತಾನಾಗಿ ತೆವಳಿಕೊಂಡು ಹೋಗುವ ಗಾಳಿಹುಳ. ಉದ್ದನೆಯ ತೆಳು ಬಟ್ಟೆಯ ಕೊಳವೆ. ಅದನ್ನು ತನ್ನೊಳಗೇ ಮಗುಚಿ ಇಟ್ಟಿರುತ್ತಾರೆ. ಹಿಂದಿನಿಂದ ಗಾಳಿ ಬಿಟ್ಟರೆ, ಒಳಮಗ್ಗುಲಾದ ಅಂಗಿ ತೋಳನ್ನು ಸರಿಮಾಡುವಾಗ ಈಚೆ ಬರುತ್ತದಲ್ಲ, ಹಾಗೆ ತುದಿಯಿಂದ ಬಿಚ್ಚಿಕೊಳ್ಳುತ್ತಾ ಮುಂದೆ ಬೆಳೆಯುತ್ತಾ ಹೋಗುತ್ತದೆ. ತುದಿಗೊಂದು ಬಟ್ಟೆಯ ಕುಲಾವಿ, ಕುಲಾವಿಯಲ್ಲಿ ಪುಟ್ಟ ಕ್ಯಾಮೆರಾ. ಅದೇ ಹುಳದ ತಲೆ. ಮೈ ಎಷ್ಟು ಬಿಚ್ಚಿಕೊಂಡರೂ ತಲೆ ಜಾರಬಾರದು, ಬಿಗಿಯಾಗಲೂಬಾರದು. ಇಡೀ ಹುಳದಲ್ಲಿ ಕಷ್ಟದ ಹೊಲಿಗೆ ಅದು.

ತಲೆ ತನಗೇ ಎಂದು ಆಶಾರಾಣಿ ಕೆಂಪು ನೂಲು ಏರಿಸಿಕೊಂಡೇ ಕೂತಿದ್ದಳು. ಮಹೇಂದ್ರ ಬಂದು ಕುಲಾವಿಯ ಬಟ್ಟೆಯನ್ನು ತಸ್ನೀಮ್ ಮುಂದಿಟ್ಟ.

"ಆಶಕ್ಕ, ನೀವು ಮೈಗೆ ಪೌಡರ್ ಹಾಕಿ. ನಿಮ್ಮಷ್ಟು ಸಮವಾಗಿ ಯಾರೂ ಹಾಕಲ್ಲ," ಎಂದ.

ಪೌಡರ್! ಒಳಗಿನ ಬಟ್ಟೆ ಹೊರಗಿನದಕ್ಕೆ ಉಜ್ಜಿ ಅಂಟಿಕೊಳ್ಳಬಾರದೆಂದು ಕೊಳವೆಯ ಉದ್ದಕ್ಕೂ ಮುಖಕ್ಕೆ ಹಚ್ಚುವ ಗಂಧದ ಪೌಡರ್ ಸವರಬೇಕಿತ್ತು. ಕೈ ಮೊಣಕೈವರೆಗೂ ಬೆಳ್ಳಗಾಗುತ್ತಿತ್ತು. ಶೆಡ್ಡಿಗೆಲ್ಲ ಕೆಲಸ ಕಲಿಸಿದವಳು ಪೌಡರ್ ಬಳಿಯಬೇಕು, ನಿನ್ನೆ ಮೊನ್ನೆ ಬಂದವಳು ತಲೆ ಹೊಲಿಯಬೇಕು. ಆ ರಾತ್ರಿ ಅವಳಿಗೆ ಊಟ ಸೇರಲಿಲ್ಲ. "ಏನಾಯ್ತೇ?" ಎಂದ ಬಾಲರಾಜ್. "ನಂಗೇನಾಗ್ತದೆ, ಚೆನ್ನಾಗೇ ಇವ್ನಿ," ಎಂದು ತಟ್ಟೆ ಕುಕ್ಕಿದಳು.

ಹುಳವನ್ನು ಕೆಂಪಾಪುರದ ಒಂದು ಹಳೇ ಅಪಾರ್ಟ್‌ಮೆಂಟಿನಲ್ಲಿ ಓಡಿಸಿ ತೋರಿಸುವುದೆಂದು ಗೊತ್ತಾಯಿತು. ಮಳೆ ಬಂದರೆ ಅಲ್ಲಿ ಕಾರು ನಿಲ್ಲಿಸುವ ಜಾಗದಲ್ಲಿ ನೀರು ನಿಲ್ಲುತ್ತಿತ್ತು. ನೆಲದಡಿಯ ಹಳೇ ಪೈಪು ಎರಡು ಕಡೆ ತಿರುಗಿ ರಾಜಕಾಲುವೆ ಸೇರುತ್ತದೆ. ಎಲ್ಲಿ ಅರ್ಧಂಬರ್ಧ ಕಟ್ಟಿಕೊಂಡಿದೆ ಎಂದು ಯಾರಿಗೂ ಗೊತ್ತಿಲ್ಲ. ಹುಳ ಈ ಕಡೆಯಿಂದ ಆ ಕಡೆಗೆ ದಾಟಿದರೆ ಶೆಡ್ಡಿಗೆ ವರ್ಷವಿಡೀ ಕೆಲಸ.

ಹಿಂದಿನ ಸಂಜೆ ಆಶಾರಾಣಿ ಪೌಡರ್ ಡಬ್ಬ ಹಿಡಿದು ಒಬ್ಬಳೇ ಕೂತಳು. ಕೊಳವೆಯ ಬಾಯಿಯ ಹತ್ತಿರ ಒಂದೆರಡು ಮಾರು ಚೆನ್ನಾಗಿ ಸವರಿದಳು. ಆಮೇಲೆ ಕೈ ನಿಂತಿತು. ನಾಳೆ ಎಲ್ಲರೂ ತಲೆಯನ್ನು ಹೊಗಳುತ್ತಾರೆ. ಪೌಡರನ್ನು ಯಾರು ಕೇಳುತ್ತಾರೆ? ಡಬ್ಬದ ಮುಚ್ಚಳ ಹಾಕಿದಳು. ಉಳಿದ ಬಟ್ಟೆಯನ್ನು ಹಾಗೆಯೇ ಮಗುಚಿ ಸುತ್ತಿಟ್ಟಳು.

ಬೆಳಿಗ್ಗೆ ವ್ಯಾನು ಹೊರಟಿತು. ಆಶಾರಾಣಿ ಎಂದಿನಂತೆ ಮುಂದಿನ ಬಾಗಿಲಿಗೆ ಕೈ ಹಾಕಿದಳು.

"ಆಶಕ್ಕ, ನೀವಿವತ್ತು ಹಿಂದೆ ಕೂತ್ಕೊಳ್ಳಿ. ತಸ್ನೀಮ್, ತಲೆ ಪೆಟ್ಟಿಗೆ ತೊಡೆ ಮೇಲಿಟ್ಕೊಂಡು ಮುಂದೆ ಕೂತ್ಕೊಳಮ್ಮ, ಅಲ್ಲಾಡ್ಬಾರ್ದು," ಎಂದ ಮಹೇಂದ್ರ.

ಹಿಂದೆ ಗಾಳಿ ಪಂಪಿನ ಪಕ್ಕ ಕೂತ ಆಶಾರಾಣಿಗೆ, ನಿನ್ನೆ ಸಂಜೆ ಮಾಡಿದ್ದರ ಬಗ್ಗೆ ಇದ್ದ ಅಷ್ಟಿಷ್ಟು ಅಳುಕೂ ಯಲಹಂಕ ಬರುವಷ್ಟರಲ್ಲಿ ಹೋಗಿಬಿಟ್ಟಿತ್ತು.

ಕೆಂಪಾಪುರದಲ್ಲಿ ಜನ ಸೇರಿದ್ದರು. ಶಿವರಾಮ್ ಪಂಪು ಹಾಕಿದರು. ಹುಳ ಪೈಪಿನೊಳಗೆ ಸರಸರ ಹೊಕ್ಕಿತು. ಪರದೆಯ ಮೇಲೆ ಪೈಪಿನ ಒಳಗೋಡೆ ಕಾಣಿಸಿ ಎಲ್ಲರೂ ಆಹಾ ಎಂದರು. ಮೊದಲ ತಿರುವಿನಲ್ಲಿ ಹುಳ ನಿಧಾನವಾಯಿತು. ಎರಡನೆಯದರಲ್ಲಿ ನಿಂತೇಹೋಯಿತು. ಗಾಳಿ ಜಾಸ್ತಿ ಮಾಡಿದರೆ ಮೈ ಉಬ್ಬಿತೇ ವಿನಾ ತಲೆ ಮುಂದೆ ಹೋಗಲಿಲ್ಲ.

"ಏನ್ರೀ ಇದು, ನಿಮ್ ಹುಳ ಅರ್ಧ ದಾರೀಲೇ ನಿದ್ದೆ ಹೊಡೀತಲ್ರೀ?" ಎಂದು ಯಾರೋ ನಕ್ಕರು.

ಆಶಾರಾಣಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಒಂದು ಕ್ಷಣ ಮಾತ್ರ. ಆಮೇಲೆ ಮಹೇಂದ್ರನ ಮುಖ ಕಂಡಿತು.

ಗಾಳಿ ತೆಗೆದು ಹುಳವನ್ನು ಹಿಂದಕ್ಕೆಳೆದು ನೆಲದ ಮೇಲೆ ಹಾಸಿದರು. "ತಲೆ ಹೊಲಿಗೆ ಕೈಕೊಟ್ಟಿದೆ," ಎಂದ ಮಹೇಂದ್ರ, ತಸ್ನೀಮ್ ಕಡೆ ನೋಡದೆ.

"ಹೊಲಿಗೆ ಅಲ್ಲ ಸಾರ್. ಸೋಪ್ ಹಚ್ಚಿ ನೋಡಿ."

ಮತ್ತೆ ಸ್ವಲ್ಪ ಗಾಳಿ ತುಂಬಿ ಹಚ್ಚಿದರು. ಒಂದೂ ಗುಳ್ಳೆ ಏಳಲಿಲ್ಲ. ತಸ್ನೀಮ್ ಕೊಳವೆಯ ಮಡಿಕೆಯೊಳಗೆ ಕೈ ತೂರಿಸಿ ಸವರಿ, ಬೆರಳು ಈಚೆ ತೆಗೆದು ನೋಡಿಕೊಂಡಳು. ಬೆರಳಿಗೆ ಬಿಳಿ ಅಂಟಿರಲಿಲ್ಲ. ತಲೆಯೆತ್ತಿ ಆಶಾರಾಣಿಯನ್ನೇ ನೋಡಿದಳು.

"ಒಳಗಡೆ ಪೌಡರ್ ಇಲ್ಲ ಸಾರ್," ಎಂದಳು ತಸ್ನೀಮ್. "ಈ ಸಲ ನಾನೇ ಹಾಕ್ತೀನಿ ಅಂತ ಅಕ್ಕನ ಹತ್ರ ಡಬ್ಬ ಇಸ್ಕೊಂಡಿದ್ದೆ. ಮರ್ತುಬಿಟ್ಟೆ."

ಮಹೇಂದ್ರ ಕೂಗಾಡಿದ. ಅಷ್ಟೂ ಜನರ ಮುಂದೆ ಬೈಸಿಕೊಂಡು ನಿಂತಳು ಹುಡುಗಿ. ಶಿವರಾಮ್ ಅಪಾರ್ಟ್‌ಮೆಂಟಿನವರ ಕೈಕಾಲು ಹಿಡಿದು ಶನಿವಾರಕ್ಕೆ ಇನ್ನೊಂದು ಅವಕಾಶ ಕೇಳಿಕೊಂಡರು. "ಶನಿವಾರ ತಲೆ ಆಶಕ್ಕಂದು," ಎಂದ ಮಹೇಂದ್ರ.

ವಾಪಸು ಹೊರಟಾಗ ತಸ್ನೀಮ್ ತಾನಾಗಿಯೇ ಹಿಂದೆ ಹತ್ತಿದಳು. ಮುಂದಿನ ಸೀಟು ಖಾಲಿ. ಆಶಾರಾಣಿ ಕೂತಳು. ಬೇಕಾದದ್ದೆಲ್ಲ ಸಿಕ್ಕಿತ್ತು, ಸೀಟು, ತಲೆ, ಮರ್ಯಾದೆ. ಆದರೆ ಸೀಟು ಮುಳ್ಳಿನಂತೆ ಚುಚ್ಚುತ್ತಿತ್ತು. ತನ್ನ ತಪ್ಪನ್ನು ಆ ಹುಡುಗಿ ತಲೆಯ ಮೇಲೆ ಹೊತ್ತುಕೊಂಡು ಹಿಂದೆ ಪಂಪಿನ ಪಕ್ಕ ಕೂತಿದ್ದಾಳಲ್ಲ, ಎಂಥಾ ದೊಡ್ಡ ಮನಸ್ಸಿನವಳು! ಹೊಲಿಗೆಯಲ್ಲಿ ಮುಂದೆ, ತಾಳ್ಮೆಯಲ್ಲಿ ಮುಂದೆ, ಈಗ ಒಳ್ಳೆಯತನದಲ್ಲೂ ಮುಂದೆ. ತನಗೆ ಸಿಕ್ಕಿದ ತಲೆಯೂ ಅವಳು ಬಿಟ್ಟುಕೊಟ್ಟದ್ದೇ. ಇದನ್ನು ತಡೆದುಕೊಳ್ಳುವುದು ಆಶಾರಾಣಿಯಿಂದ ಆಗಲಿಲ್ಲ.

"ಸಾರ್, ಗಾಡಿ ನಿಲ್ಸಿ."

"ಏನಾಯ್ತು ಆಶಕ್ಕ?"

"ಅವ್ಳು ಡಬ್ಬ ಮುಟ್ಲೇ ಇಲ್ಲ. ಪೌಡರ್ ಆಕ್ದೆ ಬಿಟ್ಟಿದ್ದು ನಾನು. ಬೇಕು ಅಂತ್ಲೇ ಬಿಟ್ಟೆ. ಒಟ್ಟೆ ಉರೀತು, ಬಿಟ್ಟೆ."

ಮಹೇಂದ್ರ ಸ್ಟೀರಿಂಗ್ ತಿರುಗಿಸಿ ಗಾಡಿಯನ್ನು ರಸ್ತೆ ಬದಿಗೆ ತಂದು ನಿಲ್ಲಿಸಿದ. ಪಕ್ಕದಲ್ಲಿ ಏರ್‌ಪೋರ್ಟ್ ಬಸ್ಸುಗಳು ಭರ್ರನೆ ಹೋಗುತ್ತಿದ್ದವು. "ನೀವಾ ಆಶಕ್ಕ?" ಎಂದನಷ್ಟೆ. ಆ ಎರಡು ಮಾತು ಅವಳಿಗೆ ಬೈಗುಳಕ್ಕಿಂತ ಹೆಚ್ಚಾಗಿ ನಾಟಿತು.

ಆಶಾರಾಣಿ ಇಳಿದು ಹಿಂದೆ ಹೋಗಿ ಹತ್ತಿದಳು. ತಸ್ನೀಮ್ ಮುಖ ಗಂಟಿಕ್ಕಿಕೊಂಡು ಕೂತಿದ್ದಳು.

"ಒಳ್ಳೇವ್ಳು ಅನ್ನಿಸ್ಕೊಳ್ಳೋದ್ರಲ್ಲೂ ನೀನೇ ಮುಂದೆ ಓಗ್ಬೇಕೇನೇ?" ಎಂದಳು ಆಶಾರಾಣಿ.

"ಯಾರು ಒಳ್ಳೇವ್ಳು? ನಿಮಗೋಸ್ಕರ ಹೇಳಿದೆ ಅನ್ಕೊಂಡ್ರಾ?" ತಸ್ನೀಮ್ ಕಣ್ಣು ಕೆಂಪಗಾಗಿತ್ತು. "ನಿಮ್ಮ ಮೇಲೆ ಹಾಕಿದ್ರೆ ಸಾರ್ ನಂಬ್ತಿದ್ರಾ? ತಪ್ಪು ಮುಚ್ಚೋಕೆ ದೊಡ್ಡೋರ ಮೇಲೆ ಹೇಳ್ತಾಳೆ ಅಂತಿದ್ರು. ನನ್ ಹೊಲಿಗೇನೇ ಸರಿ ಇಲ್ಲ ಅಂತಿದ್ರು. ಮರ್ತೆ ಅಂತ ಬೈಸ್ಕೊಂಡ್ರೂ ಪರ್ವಾಗಿಲ್ಲ. ಹೊಲಿಗೆಗೆ ಕೆಟ್ಟ ಹೆಸ್ರು ಬರ್ಬಾರ್ದು."

ಈ ಹುಡುಗಿಯ ಜಾಗದಲ್ಲಿದ್ದರೆ ಆಶಾರಾಣಿಯೂ ಇದನ್ನೇ ಮಾಡುತ್ತಿದ್ದಳು.

"ಶನಿವಾರ ಪೌಡರ್ ನೀವೇ ಹಾಕ್ಬೇಕು," ಎಂದಳು ತಸ್ನೀಮ್, ಮುಖ ಆ ಕಡೆ ತಿರುಗಿಸಿಕೊಂಡೇ. "ನಾನು ಹಾಕಿದ್ರೆ ಗಂಟು ಗಂಟಾಗುತ್ತೆ."

ಆ ಸಂಜೆ ಶೆಡ್ಡಿಗೆಲ್ಲ ಬೋಂಡಾ ಬಂತು. ಯಾರ ಹೊಲಿಗೆ ಗುಳ್ಳೆ ಬಿಟ್ಟಿತು ಎಂದು ಹೆಂಗಸರು ಕೇಳಿದರು. "ತಿನ್ರಮ್ಮ ಸುಮ್ನೆ," ಎಂದಳು ಆಶಾರಾಣಿ.

ತಲೆ ತಸ್ನೀಮ್ ಕೈಯಲ್ಲೇ ಉಳಿಯಿತು, ಶುಕ್ರವಾರ ಆಶಾರಾಣಿ ಪೌಡರ್ ಸವರಿದಳು. ಹಲ್ಲು ಕಚ್ಚಿಕೊಂಡು, ಆ ಹುಡುಗಿಯನ್ನು ಮನಸ್ಸಿನಲ್ಲೇ ಬೈಯುತ್ತಾ, ಒಂದು ಗೇಣೂ ಬಿಡದೆ ಸವರಿದಳು. ಶನಿವಾರ ಹುಳ ಎರಡೂ ತಿರುವು ದಾಟಿ ರಾಜಕಾಲುವೆಯ ಕಡೆ ತಲೆ ಹೊರಗೆ ಹಾಕಿತು. ಜನ ಚಪ್ಪಾಳೆ ತಟ್ಟಿದರು. ಎಲ್ಲರೂ ಹೊಗಳಿದ್ದು ತಲೆಯನ್ನೇ. ಕಾಲುವೆಯ ನಾತದಲ್ಲಿ ಗಂಧದ ವಾಸನೆ ಯಾರ ಮೂಗಿಗೂ ಬೀಳಲಿಲ್ಲ.

ಹೊರಡುವಾಗ ತಸ್ನೀಮ್ ಪೆಟ್ಟಿಗೆ ಹಿಡಿದು ಮುಂದಿನ ಬಾಗಿಲಿಗೆ ಬರುವಷ್ಟರಲ್ಲಿ ಆಶಾರಾಣಿ ಆಗಲೇ ಅಲ್ಲಿ ಕೂತಾಗಿತ್ತು.

"ಕೊಡಿಲ್ಲಿ, ನಾನು ಇಡ್ಕೊತೀನಿ," ಎಂದು ಪೆಟ್ಟಿಗೆ ಕಸಿದುಕೊಂಡು ತೊಡೆಯ ಮೇಲಿಟ್ಟುಕೊಂಡಳು. ವ್ಯಾನು ಹೊರಟ ಮೇಲೆ ಮೆಲ್ಲಗೆ ಮುಚ್ಚಳ ತೆಗೆದು ಒಳಗೆ ಕೈ ಹಾಕಿದಳು. ಚಿಕ್ಕಜಾಲ ಬರುವವರೆಗೂ ಅವಳ ಹೆಬ್ಬೆರಳು ಹಸಿರು ನೂಲಿನ ಮೇಲೆ ಓಡಾಡುತ್ತಾ ತಪ್ಪು ಹುಡುಕುತ್ತಲೇ ಇತ್ತು. ಸಿಗಲಿಲ್ಲ.